ಗೂಡು ಮಾರಿದ ಮಾರನೇ ದಿನ

ನಮ್ಮ ಮರಳವಾಡಿ ಕಡೆ ಹೊಸ ಬಟ್ಟೆಯ ಕಾಲವನ್ನು ನಿರ್ಧರಿಸುತ್ತಿದ್ದದ್ದು ರೇಷ್ಮೆ ಹುಳ. ಲಂಗ ಹರಿದಿದೆ, ಶಾಲೆ ಶುರುವಾಗುತ್ತೆ, ಹಬ್ಬ ಹತ್ತಿರ ಬಂತು ಅಂತ ಏನು ಹೇಳಿ ಪೀಡಿಸಿದರೂ ಅವ್ವನ ಬಾಯಲ್ಲಿ ಒಂದೇ ಉತ್ತರ: "ಗೂಡಾಗ್ಲಿ ತಡೀರಮ್ಮಿ." ಚಾಕಿ, ಅಂದರೆ ಮರಿ ಹುಳ, ಮನೆಗೆ ಬಂದ ದಿನದಿಂದ ಅಕ್ಕ, ನಾನು, ಚಿಕ್ಕಪ್ಪನ ಹೆಣ್ಣುಮಕ್ಕಳು ಎಲ್ಲ ಸೇರಿ ಲೆಕ್ಕ ಹಾಕುತ್ತಿದ್ದೆವು. ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ; ಎರಡನೇ ಜ್ವರ ಎದ್ದಿತೇ, ಮೂರನೆಯದಕ್ಕೆ ಕೂತಿತೇ, ನಾಲ್ಕು ಯಾವಾಗ. ಆಮೇಲೆ ಹುಳ ಹಣ್ಣಾಗಬೇಕು, ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು, ಗೂಡು ಬಿಡಿಸಬೇಕು, ಮೂಟೆ ರಾಮನಗರದ ಮಾರುಕಟ್ಟೆ ಸೇರಬೇಕು. ಹೆಚ್ಚು ಕಡಿಮೆ ಒಂದು ತಿಂಗಳ ಮಾತು. ವರ್ಷದಲ್ಲಿ ಐದಾರು ಬೆಳೆ ತೆಗೆದರೂ ನಮ್ಮ ಕಣ್ಣೆಲ್ಲ ಯುಗಾದಿಗೆ ಮುಂಚಿನ ಬೆಳೆಯ ಮೇಲೆ, ಗೌರಿ ಹಬ್ಬಕ್ಕೆ ಮುಂಚಿನ ಬೆಳೆಯ ಮೇಲೆ. ಹಾಲುತೊಂಡೆಯೋ ಸಪ್ಪೆ ರೋಗವೋ ಬಿದ್ದು ಹುಳ ಗುಂಡಿಗೆ ಹೋದರೆ ಆ ಹಬ್ಬಕ್ಕೆ ಹಳೇ ಬಟ್ಟೆಯನ್ನೇ ಒಗೆದು, ಗಂಜಿ ಹಾಕಿ ಉಡುವುದು. ಯಾರೂ ಅಳುತ್ತಿರಲಿಲ್ಲ, ಯಾಕೆಂದರೆ ಹುಳ ಹೋದ ದುಃಖ ನಮ್ಮೆಲ್ಲರದೂ ಆಗಿರುತ್ತಿತ್ತು.

ಹುಳದ ಮನೆಯ ಕಟ್ಟುಪಾಡು ನಮ್ಮ ಸಿಂಗಾರಕ್ಕೂ ತಾಗುತ್ತಿತ್ತು. ಪೌಡರ್ ಬಳಿದುಕೊಂಡು, ಸೆಂಟು ಹಾಕಿಕೊಂಡು ಒಳಗೆ ಕಾಲಿಡುವಂತಿರಲಿಲ್ಲ. ನಾಲ್ಕನೇ ಜ್ವರ ಎದ್ದ ಹುಳ ಹಗಲೂ ರಾತ್ರಿ ಮೇಯುತ್ತದೆ. ತನ್ನ ಇಡೀ ಆಯಸ್ಸಿನಲ್ಲಿ ತಿನ್ನುವ ಸೊಪ್ಪಿನ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಆ ಒಂದು ವಾರದಲ್ಲೇ ತಿಂದು ಮುಗಿಸುತ್ತದೆ. ಆ ವಾರದಲ್ಲಿ ಎಂಥ ಹತ್ತಿರದವರ ಮದುವೆ ಬಂದರೂ ಮನೆಯಿಂದ ಒಬ್ಬರೇ ಹೋಗುವುದು. ಹಾಗೆ ಹೋಗುವವರಿಗೆ ಅಂತ ನಮ್ಮ ಮನೆಯಲ್ಲಿ ಒಂದು ಸೀರೆ ಇತ್ತು. ದೊಡ್ಡವ್ವನ ಧಾರೆಯ ಸೀರೆ, ಅರಿಶಿನ ಬಣ್ಣದ್ದು, ಕೆಂಪಂಚು. ದೊಡ್ಡವ್ವ, ಅವ್ವ, ಚಿಕ್ಕವ್ವ ಮೂವರೂ ಸರದಿ ಮೇಲೆ ಅದನ್ನು ಉಟ್ಟು ಸುತ್ತಮುತ್ತಲಿನ ಮದುವೆಗಳನ್ನೆಲ್ಲ ಮುಗಿಸಿಕೊಂಡು ಬಂದರು. ಸೀರೆ ನೋಡಿಯೇ "ನೀವು ಇಂಥವರ ಮನೆಯವರಲ್ವಾ" ಅಂತ ಜನ ಗುರುತು ಹಿಡಿಯುತ್ತಿದ್ದರಂತೆ. ಒಮ್ಮೆ ಉಟ್ಟ ಸೀರೆಯನ್ನು ಮತ್ತೊಂದು ಸಮಾರಂಭಕ್ಕೆ ಉಡಬಾರದು ಎನ್ನುವ ಈಗಿನ ಭಯ ಆ ಮೂವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ನಿರಾಳವನ್ನು ನಾನು ಬಹಳ ದೊಡ್ಡದು ಅಂತ ತಿಳಿಯುತ್ತೇನೆ.

ಅರ್ಧ ಕೆಜಿ ತೂಗುವ ಒಂದು ರೇಷ್ಮೆ ಸೀರೆಗೆ ಹತ್ತಿರ ಹತ್ತಿರ ನಾಲ್ಕು ಕೆಜಿ ಗೂಡು ಬೇಕು. ಒಂದೊಂದು ಬೆಳೆಗೆ ಅಪ್ಪ ಅದರ ಎಷ್ಟೋ ಪಟ್ಟು ಮಾರಿ ಬರುತ್ತಿದ್ದರು. ರಾಮನಗರದಲ್ಲಿ ಬಿಚ್ಚಿದ ನೂಲು ಕಂಚಿಗೆ, ಧರ್ಮಾವರಕ್ಕೆ ಹೋಗಿ ಸೀರೆಯಾಗುತ್ತಿತ್ತು. ನಮ್ಮೂರ ಹೆಂಗಸರು ಸೊಪ್ಪು ಕೊಯ್ಯಲು ಉಡುತ್ತಿದ್ದದ್ದು ನೈಲೆಕ್ಸ್. ಇದನ್ನು ಬರೆದರೆ ಓದುವವರಿಗೆ ಮರುಕ ಹುಟ್ಟಬಹುದು. ಆದರೆ ನೈಲೆಕ್ಸ್ ಸೀರೆಯ ಬಗ್ಗೆ ನನಗೆ ಗೌರವವಿದೆ. ಬೆಳಗಿನ ಮಂಜಿನಲ್ಲಿ ಒದ್ದೆಯಾದರೆ ಹೊರೆ ತಂದು ಇಳಿಸುವಷ್ಟರಲ್ಲಿ ಒಣಗುತ್ತಿತ್ತು. ಇಸ್ತ್ರಿ ಬೇಡ, ಗಂಜಿ ಬೇಡ. ದೊಡ್ಡ ದೊಡ್ಡ ಹೂವಿನ ಅಚ್ಚು, ಗಾಢ ಬಣ್ಣ. ನಾಲ್ಕು ಮಕ್ಕಳು, ಎರಡು ಹಸು, ಒಂದು ಹುಳದ ಮನೆ ನೋಡಿಕೊಳ್ಳುವ ಹೆಣ್ಣುಮಗಳಿಗೆ ಮೊದಲ ಬಾರಿಗೆ ಕೈಗೆಟುಕುವ ಬೆಲೆಗೆ ಬಣ್ಣ ಕೊಟ್ಟ ಬಟ್ಟೆ ಅದು. ಒಲೆಯ ಮುಂದೆ ಮಾತ್ರ ಅದನ್ನು ಉಟ್ಟು ಕೂರಬಾರದು, ಕಿಡಿ ಸಿಡಿದರೆ ಕರಗಿ ಮೈಗೆ ಅಂಟುತ್ತದೆ. ಅಡಿಗೆಗೆ ಕೂರುವ ಮುಂಚೆ ಹತ್ತಿ ಸೀರೆಗೆ ಬದಲಾಗುವುದನ್ನು ಅಜ್ಜಿ ಎಲ್ಲ ಸೊಸೆಯರಿಗೂ ಕಡ್ಡಾಯ ಮಾಡಿದ್ದರು.

ಅಪ್ಪ ಗೂಡು ಮಾರಿ ಬಂದ ಮಾರನೇ ದಿನ ಪೇಟೆಗೆ ಹೊರಡುವುದು. ಸಾಧಾರಣ ಬೆಳೆಯಾದರೆ ಕನಕಪುರ, ಆಗ ಅದೇ ನಮ್ಮ ತಾಲ್ಲೂಕು. ಒಳ್ಳೇ ರೇಟು ಬಿದ್ದಿದ್ದರೆ ಹಾರೋಹಳ್ಳಿ, ಕಗ್ಗಲೀಪುರ, ಬನಶಂಕರಿ ದಾಟಿ ಕಳಾಸಿಪಾಳ್ಯದಲ್ಲಿ ಇಳಿದು, ಮಾರ್ಕೆಟ್ಟಿನ ಜನದ ನಡುವೆ ಒಬ್ಬರ ಸೆರಗು ಒಬ್ಬರು ಹಿಡಿದುಕೊಂಡು ಚಿಕ್ಕಪೇಟೆಗೆ. ಅಂಗಡಿಯ ಬಿಳಿ ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಅವ್ವ ಬೇರೆಯೇ ಮನುಷ್ಯಳಾಗುತ್ತಿದ್ದಳು. ರೀಲರುಗಳು ಹರಾಜಿನಲ್ಲಿ ಅಪ್ಪನ ಗೂಡನ್ನು ಹೇಗೆ ಬೊಗಸೆಯಲ್ಲಿ ಎತ್ತಿ, ಅದುಮಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದರೋ ಅದೇ ಶ್ರದ್ಧೆಯಿಂದ ಅವಳು ಬಟ್ಟೆಯನ್ನು ನೋಡುವಳು. ಬೆಳಕಿಗೆ ಹಿಡಿದು ನೇಯ್ಗೆಯ ಸಂದು ನೋಡುವಳು. ಮುಷ್ಟಿಯಲ್ಲಿ ಹಿಂಡಿ ಬಿಟ್ಟು ಸುಕ್ಕು ನೋಡುವಳು. ಬೆರಳು ಒದ್ದೆ ಮಾಡಿ ಅಂಚಿನ ಮೇಲೆ ಉಜ್ಜಿ ಬಣ್ಣ ಬಿಡುತ್ತದೆಯೇ ಅಂತ ನೋಡುವಳು. ರೇಷ್ಮೆ ಅಂತ ಹೇಳಿ ಕೊಟ್ಟರೆ ಒಂದೆಳೆ ಕೊಡಿ ಅಂತ ಕೇಳಿ ಕಡ್ಡಿ ಗೀರಿಯೇ ಬಿಡುವಳು. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ, ಕರಗಿ ಗಟ್ಟಿ ಮಣಿಯಾದರೆ ನೈಲಾನ್. ಹುಳ ಸಾಕಿದವಳಿಗೆ ಅಂಗಡಿಯವರು ಸುಳ್ಳು ಹೇಳುವಂತಿರಲಿಲ್ಲ.

ಹುಡುಗಿಯರಿಗೆಲ್ಲ ಒಂದೇ ತಾನಿನಿಂದ ಬಟ್ಟೆ. ಸಗಟಾಗಿ ತೆಗೆದರೆ ಮೀಟರಿಗೆ ಒಂದಿಷ್ಟು ಕಡಿಮೆ, ಜೊತೆಗೆ ನಿನ್ನದು ಚೆಂದ ನನ್ನದು ಚೆಂದ ಅನ್ನುವ ಜಗಳಕ್ಕೆ ಜಾಗವಿಲ್ಲ. ಯುಗಾದಿಯ ಬೆಳಿಗ್ಗೆ ಬೇವು ಬೆಲ್ಲ ತಿಂದು ನಾವೆಲ್ಲ ಒಂದೇ ನೀಲಿ ಲಂಗ, ಒಂದೇ ಹಳದಿ ಜಾಕೀಟಿನಲ್ಲಿ ಬೀದಿಗೆ ಇಳಿದರೆ ವಾಲಗದವರ ಮೇಳ ಹೊರಟ ಹಾಗಿರುತ್ತಿತ್ತು. ಹೊಲಿಗೆಗೆ ಕೊಡುವಾಗ ಅವ್ವ ಟೈಲರಣ್ಣನಿಗೆ ತಪ್ಪದೆ ಹೇಳುತ್ತಿದ್ದ ಮಾತು, "ಬೆಳೆಯೋ ಮಕ್ಳು ಕಣಪ್ಪ, ಟಕ್ಕು ಇಡು." ಲಂಗದ ಕೆಳಗೆ ಎರಡು ಮೂರು ಮಡಿಕೆ ಹಿಡಿದು ಹೊಲಿದಿರುತ್ತಿದ್ದರು. ಒಂದೊಂದು ವರ್ಷ ಒಂದೊಂದು ಟಕ್ಕು ಬಿಚ್ಚುವುದು. ಬಿಚ್ಚಿದ ಜಾಗದಲ್ಲಿ ಬಿಸಿಲು ಕಾಣದ ಬಟ್ಟೆ ಹೊಸದರಂತೆ ಹೊಳೆಯುತ್ತ ಒಂದು ಪಟ್ಟಿಯಾಗಿ ನಿಲ್ಲುತ್ತಿತ್ತು. ಆ ಪಟ್ಟಿ ಕಂಡರೆ ಹುಡುಗಿ ಎಷ್ಟು ಬೆಳೆದಳು ಅಂತ ಊರಿಗೇ ಗೊತ್ತು. ಅಕ್ಕನ ಲಂಗ ನನಗೆ ಬರುವಾಗ ಎಲ್ಲ ಟಕ್ಕೂ ಬಿಚ್ಚಿರುತ್ತಿದ್ದವು, ನನಗಾಗಿ ಅವನ್ನು ಮತ್ತೆ ಹಾಕುತ್ತಿದ್ದರು. ಈಗ ಬಟ್ಟೆ ಕಂಪನಿಗಳು ಬಟ್ಟೆ ಬಾಳಬೇಕು, ವ್ಯರ್ಥವಾಗಬಾರದು ಅಂತ ದೊಡ್ಡ ಜಾಹೀರಾತು ಹಾಕುತ್ತವೆ. ನಮ್ಮ ಟೈಲರಣ್ಣ ಸೂಜಿ ದಾರದಲ್ಲೇ ಅದನ್ನು ಮಾಡುತ್ತಿದ್ದರು.

ಬಟ್ಟೆಗೆ ಗೂಡಿನ ದಾರಿ ಕಾಯಬೇಕಿತ್ತು, ಆದರೆ ತಲೆಗೆ ಮುಡಿಯುವುದಕ್ಕೆ ಕಾಯಬೇಕಿರಲಿಲ್ಲ. ತಿಂಗಳು ತಿಂಗಳಿಗೂ ಬದಲಾಗುವ ಷೋಕಿ ಅಂತ ನಮ್ಮಲ್ಲಿ ಏನಾದರೂ ಇದ್ದರೆ ಅದು ಹೂವಿನದು. ಚೈತ್ರದಲ್ಲಿ ದವನ. ಬೇಸಿಗೆ ಏರಿದಂತೆ ದುಂಡು ಮಲ್ಲಿಗೆ. ಕಾರ್ತಿಕದ ಚಳಿಗೆ ಸೇವಂತಿಗೆ, ಜೊತೆಗೆ ಒಂದೆರಡು ಎಸಳು ಮರುಗ. ಇವುಗಳ ನಡುವೆ ವರ್ಷವಿಡೀ ಹಿತ್ತಿಲಲ್ಲೇ ಬಿಡುವ ಕನಕಾಂಬರ. ಕನಕಾಂಬರಕ್ಕೆ ವಾಸನೆಯಿಲ್ಲ, ಆದರೆ ಕಪ್ಪು ಕೂದಲಿನ ಮೇಲೆ ಅದರಷ್ಟು ಚೆನ್ನಾಗಿ ಒಪ್ಪುವ ಬಣ್ಣ ಇನ್ನೊಂದಿಲ್ಲ ಅನ್ನುವುದು ನನ್ನ ಅಂದಿನ ಅಭಿಪ್ರಾಯ, ಇಂದಿಗೂ ಅದೇ. ಬೇಸಿಗೆ ರಜೆಯಲ್ಲಿ ಮಲ್ಲಿಗೆ ಅಗ್ಗವಾದಾಗ ಮೊಗ್ಗಿನ ಜಡೆ ಹಾಕಿಸಿಕೊಳ್ಳುವ ಸಂಭ್ರಮ. ಅತ್ತೆ ಒಬ್ಬರು ಅದರಲ್ಲಿ ಪಳಗಿದವರು. ಅರಳದ ಮೊಗ್ಗುಗಳನ್ನೇ ಆರಿಸಿ, ಬಾಳೆಪಟ್ಟೆಯ ಮೇಲೆ ಸಾಲಾಗಿ ಹೊಲಿದು ಜಡೆಗೆ ಕಟ್ಟುವಷ್ಟರಲ್ಲಿ ಮಧ್ಯಾಹ್ನ ಕಳೆಯುತ್ತಿತ್ತು. ಕುತ್ತಿಗೆ ಅಲ್ಲಾಡಿಸದೆ ಕೂರಬೇಕು. ಮೊಗ್ಗು ಅರಳುವ ಮುಂಚೆ ಬಸ್ಸು ಹಿಡಿದು ಕನಕಪುರದ ಸ್ಟುಡಿಯೋ ಸೇರಬೇಕು. ಅಲ್ಲಿ ಬೆನ್ನ ಹಿಂದೆ ಕನ್ನಡಿ ನಿಲ್ಲಿಸಿ, ಮುಖವೂ ಜಡೆಯೂ ಒಟ್ಟಿಗೆ ಕಾಣುವ ಹಾಗೆ ಫೋಟೋ ತೆಗೆಯುತ್ತಿದ್ದರು. ಹಳೇ ಮೈಸೂರು ಸೀಮೆಯ ಎಷ್ಟೋ ಮನೆಗಳ ಗೋಡೆಯ ಮೇಲೆ ಆ ಕನ್ನಡಿ ಫೋಟೋ ಈಗಲೂ ಇದೆ. ನಿಮ್ಮ ಮನೆಯಲ್ಲೂ ಇರಬಹುದು.

ಮಳೆಗಾಲದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಗೋಣಿಚೀಲದ ಗೊಪ್ಪೆ, ಇಲ್ಲವೇ ಅಜ್ಜನ ಕಂಬಳಿ.

1987ರಲ್ಲಿ 'ಪ್ರೇಮಲೋಕ' ಬಂತು. ಅದುವರೆಗೆ ನಮ್ಮ ಕಡೆಯ ಹುಡುಗರು ಸಿನಿಮಾ ನೋಡಿ ಕ್ರಾಪು ಬದಲಿಸಿದ್ದರು, ಬೆಲ್ ಬಾಟಮ್ ಹೊಲಿಸಿ ಮರೆತಿದ್ದರು. ಹುಡುಗಿಯರ ಬಟ್ಟೆಯನ್ನು ಒಂದು ಸಿನಿಮಾ ಅಲುಗಾಡಿಸಿದ್ದನ್ನು ನಾನು ನೋಡಿದ್ದು ಆಗಲೇ. ಕನಕಪುರದ ರೂರಲ್ ಕಾಲೇಜಿಗೆ ಹೋಗುತ್ತಿದ್ದ ಅಕ್ಕ ಚೂಡಿದಾರ ಬೇಕು ಅಂದಳು. ಮನೆಯಲ್ಲಿ ಎರಡು ದಿನ ಮಾತಿಲ್ಲ. ಕೊನೆಗೆ ಬಾಗಿಲು ತೆಗೆದದ್ದು ಅಜ್ಜಿ. "ಬಸ್ಸಲ್ಲಿ ನೇತಾಡ್ಕಂಡ್ ಓಯ್ತದೆ ಮಗ, ಸೀರೆ ಸಿಕ್ಕಾಕ್ಕಂಡ್ರೆ ಏನ್ ಮಾಡಾದು, ಹೊಲಿಸ್ಕೊಡ್ರೋ" ಅಂದರು. ಮುಂದಿನ ಬೆಳೆಗೆ ಚೂಡಿದಾರ ಬಂತು. ತಿಳಿ ಹಸಿರು, ದುಪಟ್ಟಾವನ್ನು ಎರಡೂ ಭುಜಕ್ಕೆ ಪಿನ್ನು ಚುಚ್ಚಿ ಬಿಗಿದದ್ದು. ಅಕ್ಕ ಅದನ್ನು ಹಾಕಿಕೊಂಡು ಬಸ್‌ ನಿಲ್ದಾಣಕ್ಕೆ ನಡೆದ ಬೆಳಿಗ್ಗೆ ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನೋಡಿದರು. ಸ್ವಲ್ಪ ಕಾಲದಲ್ಲೇ ಅದೇ ಹೆಂಗಸರು ತಮ್ಮ ಹೆಣ್ಣುಮಕ್ಕಳಿಗಾಗಿ ಅಳತೆಗೆ ಆ ಚೂಡಿದಾರವನ್ನೇ ಕೇಳಿ ಒಯ್ದರು. ಸಿನಿಮಾ ತೋರಿಸಿದ್ದು ನಿಜ. ಊರಿಗೆ ಒಪ್ಪಿಸಿದ್ದು ಅಜ್ಜಿ, ಉಳಿಸಿಕೊಂಡದ್ದು ಬೆಳಗಿನ ಬಸ್ಸು.

ಕೊಳ್ಳುವುದರಲ್ಲಿ ನಿಜವಾದ ಜಾಣೆ ಚಿಕ್ಕವ್ವ. ಆಷಾಢದಲ್ಲಿ ಮದುವೆ ಮುಂಜಿ ಇಲ್ಲ, ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳೂ ತವರಿನಲ್ಲಿರುತ್ತಾರೆ, ಒಳ್ಳೇ ಕೆಲಸಕ್ಕೆ ಅಂತ ಯಾರೂ ಏನೂ ಕೊಳ್ಳುವುದಿಲ್ಲ. ಬೆಂಗಳೂರಿನ ಅಂಗಡಿಗಳು ಆಗ ರಿಯಾಯಿತಿ ಬೋರ್ಡು ಹಾಕುತ್ತವೆ. ಚಿಕ್ಕವ್ವ ಆಗಲೇ ಹೋಗಿ, ಒಳ್ಳೆಯ ಸೀರೆ ಆರಿಸಿ ತಂದು ಪೆಟ್ಟಿಗೆಯ ತಳದಲ್ಲಿ ಇಟ್ಟುಬಿಡುವರು. ಶ್ರಾವಣ ಹುಟ್ಟಿದ ಮೇಲೆ ಅರಿಶಿನ ಹಚ್ಚಿ ಹೊರಗೆ ತೆಗೆಯುವರು. "ತಂದಿದ್ದು ಯಾವಾಗ?" ಅಂದರೆ "ಉಟ್ಟಿದ್ದು ಇವತ್ತು" ಅನ್ನುವರು. ಆಷಾಢದ ಆ ಗಂಟಿನಿಂದ ಬಂದ ಒಂದು ನೇರಳೆ ಬಣ್ಣದ ಮೈಸೂರು ಕ್ರೇಪ್, ಸಣ್ಣ ಜರಿ ಅಂಚಿನದು, ನಮ್ಮ ಕುಟುಂಬದಲ್ಲಿ ಕೊಂಡ ಸೀರೆಗಳಲ್ಲೆಲ್ಲ ಉತ್ತಮವಾದದ್ದು. ಮೈಸೂರಿನಲ್ಲಿ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಕಾರ್ಖಾನೆಯ ನೇಯ್ಗೆ. ಹೂವಿಲ್ಲ, ಬುಟ್ಟಾ ಇಲ್ಲ, ಬರೀ ಬಣ್ಣ ಮತ್ತು ಅಂಚು. ಚಿಕ್ಕವ್ವನ ಸೊಸೆ ಈಗಲೂ ಅದನ್ನು ಉಡುತ್ತಾಳೆ. ಯಾವ ವರ್ಷವೂ ಅದು ಹಳೆಯದಾಗಿ ಕಂಡಿಲ್ಲ.

ಇತ್ತೀಚೆಗೆ ಊರಿನ ಹುಡುಗಿಯರು ಒಂದೊಂದು ಹಬ್ಬಕ್ಕೆ ಒಂದೊಂದು ಹೊಸ ಬಗೆ ಹೇಳುತ್ತಾರೆ. ಒಂದು ಸಲ ಟಿಶ್ಯೂ ಸೀರೆ, ಮತ್ತೊಂದು ಸಲ ಸೆಮಿ ಸಿಲ್ಕು, ರವಿಕೆಯ ಬೆನ್ನು ತುಂಬ ಆರಿ ವರ್ಕು. ಮೊಬೈಲಿನಲ್ಲಿ ನೋಡಿ, ಮೊಬೈಲಿನಲ್ಲೇ ತರಿಸುತ್ತಾರೆ. ಆರಿ ವರ್ಕನ್ನೂ ಸೀರೆಗೆ ಕಟ್ಟುವ ಕುಚ್ಚನ್ನೂ ನಾನು ಮೆಚ್ಚುತ್ತೇನೆ. ಕುಚ್ಚು ಕಟ್ಟುತ್ತ ಮನೆಯಲ್ಲೇ ಕೂತು ನಾಲ್ಕು ಕಾಸು ಸಂಪಾದಿಸುವ ಹೆಣ್ಣುಮಕ್ಕಳು ನಮ್ಮ ತಾಲ್ಲೂಕಿನಲ್ಲಿ ಎಷ್ಟೋ ಜನ ಇದ್ದಾರೆ, ಅವರ ಬೆರಳಿನ ಕೆಲಸ ಯಾವ ದೊಡ್ಡ ಅಂಗಡಿಗೂ ಕಡಿಮೆಯಿಲ್ಲ. ನನಗೆ ಒಪ್ಪದಿರುವುದು ಮುಟ್ಟದೆ ಕೊಳ್ಳುವುದು, ಒಬ್ಬಳೇ ಕೊಳ್ಳುವುದು. ಸಿಲ್ಕು ಅಂತ ಬರೆದದ್ದನ್ನು ನಂಬಿ ತರಿಸಿದ ಪಾಲಿಯೆಸ್ಟರನ್ನು ಹಿಂದಿನ ತಲೆಮಾರಿನಲ್ಲಿ ಹುಳ ಸಾಕಿದ ಮನೆಯ ಹುಡುಗಿಯೇ ನನಗೆ ತೋರಿಸಿದಾಗ ಸಂಕಟವಾಯಿತು. ಒಂದೇ ಸೀರೆಯ ಮೇಲೆ ಐದು ಜನರ ಕೈ ಬೀಳುತ್ತಿದ್ದಾಗ ಇಂಥ ಮೋಸಕ್ಕೆ ಅವಕಾಶವಿರುತ್ತಿರಲಿಲ್ಲ. ಅವ್ವ ನೇಯ್ಗೆ ನೋಡುವಳು, ಚಿಕ್ಕವ್ವ ಬೆಲೆ ನೋಡುವರು, ಅಕ್ಕ ಬಣ್ಣ ನೋಡುವಳು, ಅಂಗಡಿಯಿಂದ ಎದ್ದು ಬರುವ ಹೊತ್ತಿಗೆ ಆ ಬಟ್ಟೆ ಎಲ್ಲರದೂ ಆಗಿರುತ್ತಿತ್ತು.

ಅದಕ್ಕೇ ಗೌರಿ ಹಬ್ಬಕ್ಕೆ ತವರಿಗೆ ಬರುವ ಅಕ್ಕತಂಗಿಯರಿಗೆ ನನ್ನದೊಂದು ಕೋರಿಕೆ. ಈ ಸಲ ಸೀರೆಯನ್ನು ಮೊದಲೇ ತರಿಸಿ ಬಾಗಿನದ ಜೊತೆ ಇಡಬೇಡಿ. ಒಂದು ದಿನ ಮುಂಚೆ ಬನ್ನಿ, ಎಲ್ಲರೂ ಸೇರಿ ಪೇಟೆಗೆ ಹೋಗೋಣ. ಮೆಟ್ರೊ ಈಗ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯವರೆಗೂ ಬಂದಿದೆ, ಅಲ್ಲಿಂದ ಚಿಕ್ಕಪೇಟೆಗೆ ನೇರ ರೈಲು. ರೇಷ್ಮೆಯನ್ನೇ ಕೊಳ್ಳುವುದಾದರೆ 2004ರಿಂದ ಕೇಂದ್ರ ರೇಷ್ಮೆ ಮಂಡಳಿ ಜಾರಿಗೆ ತಂದಿರುವ ಸಿಲ್ಕ್ ಮಾರ್ಕ್ ಚೀಟಿ ಇದೆಯೇ ನೋಡಿ, ಇಲ್ಲದಿದ್ದರೆ ಒಂದೆಳೆ ಕೇಳಿ. ಹೊರಡುವ ಮುಂಚೆ ಅವ್ವಂದಿರ ಪೆಟ್ಟಿಗೆಯಲ್ಲಿರುವ ಹಳೇ ಜರಿ ಸೀರೆಗಳನ್ನು ತೆಗೆದು ಮಡಿಕೆ ಬದಲಿಸಿ ಇಡಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಬಿಟ್ಟರೆ ರೇಷ್ಮೆ ಆ ಗೆರೆಯಲ್ಲೇ ಸೀಳುತ್ತದೆ.