ಚೆಂಡು ತಂದುಕೊಟ್ಟವನು

ಮದುವೆಯ ಮನೆಯಲ್ಲಿ ಊಟ ರುಚಿಯಾಗಿದ್ದರೆ ಹೊಗಳಿಕೆಯೆಲ್ಲ ಹೆಣ್ಣಿನ ತಂದೆಗೆ ಸಲ್ಲುತ್ತದೆ. ಒಲೆಯ ಮುಂದೆ ಬೆವರು ಸುರಿಸಿದವನ ಹೆಸರನ್ನು ಯಾರೂ ಕೇಳುವುದಿಲ್ಲ. ಸಾರಿಗೆ ಉಪ್ಪು ಹೆಚ್ಚಾದ ದಿನ ಮಾತ್ರ, “ಅಡಿಗೆಯವರು ಯಾರು?” ಎಂಬ ಪ್ರಶ್ನೆ ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೆ ಹರಿದಾಡುತ್ತದೆ. ಕಾಲ್ಚೆಂಡಿನ ಆಟದಲ್ಲಿಯೂ ನ್ಯಾಯ ಇದೇ. ಹನ್ನೊಂದು ಮಂದಿ ಓಡುತ್ತಾರೆ. ಹತ್ತು ಮಂದಿಯ ಶ್ರಮದಿಂದ ಚೆಂಡು ಎದುರಾಳಿಯ ಗೋಲಿನ ಬಾಗಿಲಿಗೆ ಬರುತ್ತದೆ. ಅದನ್ನು ಕೊನೆಯದಾಗಿ ಒದ್ದವನ ಹೆಸರು ಮರುದಿನದ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಇಡೀ ತಂಡವನ್ನು ಕಟ್ಟಿದ ತರಬೇತುದಾರನ ಹೆಸರು ನಮಗೆ ನೆನಪಾಗುವುದು ತಂಡ ಸೋತಾಗ.

ಈ ಎರಡು ಬಗೆಯ ಬಾಳನ್ನೂ ಒಂದೇ ಜನ್ಮದಲ್ಲಿ ಬಾಳಿದ ಮನುಷ್ಯನೊಬ್ಬನಿದ್ದಾನೆ. ಯೌವನದಲ್ಲಿ ಇತರರು ತಂದುಕೊಟ್ಟ ಚೆಂಡನ್ನು ಗೋಲಿಗೆ ಸೇರಿಸಿ ಕೀರ್ತಿವಂತನಾದವನು. ನಡುವಯಸ್ಸು ದಾಟಿದ ಮೇಲೆ ಇತರರಿಗಾಗಿ ಚೆಂಡನ್ನು ಗೋಲಿನ ಬಾಗಿಲಿಗೆ ತಂದುಕೊಟ್ಟು ತಾನು ಹೊರಗುಳಿದವನು. ಕ್ರೀಡಾಪುಟದ ಮೂಲೆಯಲ್ಲಿ ಆತನ ಹೆಸರು ಕಂಡಾಗಲೆಲ್ಲ ನಾನು ಕಾಫಿಯ ಲೋಟವನ್ನು ಕೆಳಗಿಟ್ಟು ಓದುತ್ತೇನೆ. ಅದು ನಾಲಗೆಗೆ ಸುಲಭವಾಗಿ ಒಗ್ಗುವ ಹೆಸರಲ್ಲ: ವಾಹಿದ್ ಹಲಿಲ್‌ಹೋಜಿಚ್.

ಹೆಸರನ್ನು ಬಿಡಿಸಿ ನೋಡಿದರೆ ಅದು ನಮಗೆ ಅಷ್ಟೇನೂ ಅಪರಿಚಿತವಲ್ಲ. ಕೊನೆಯ ‘ಇಚ್’ ಎಂಬುದು ಆ ನಾಡಿನಲ್ಲಿ ಮಗ ಅಥವಾ ವಂಶದವನು ಎಂಬುದನ್ನು ಸೂಚಿಸುವ ಪ್ರತ್ಯಯ. ನಡುವಿನ ‘ಹೋಜಾ’ ಎಂದರೆ ಗುರು, ಉಪಾಧ್ಯಾಯ. ಪಾರಸಿಯ ‘ಖ್ವಾಜಾ’ ಎಂಬ ಶಬ್ದ ಟರ್ಕಿಯ ಹಾದಿಯಾಗಿ ಬೋಸ್ನಿಯಾ ತಲುಪಿ ಹಾಗಾಯಿತು. ಕಲಬುರ್ಗಿಯ ಖ್ವಾಜಾ ಬಂದೇ ನವಾಜರ ಹೆಸರಿನಲ್ಲಿರುವುದೂ ಅದೇ ಶಬ್ದ. ಟರ್ಕಿಯಲ್ಲಿ ಶಾಲೆಯ ಮೇಷ್ಟರನ್ನು ಮಾತ್ರವಲ್ಲ, ಕಾಲ್ಚೆಂಡಿನ ತರಬೇತುದಾರನನ್ನೂ ‘ಹೋಜಾ’ ಎಂದೇ ಕರೆಯುತ್ತಾರೆ. ಹೀಗೆ ಈತನು ಹುಟ್ಟುವಾಗಲೇ ಮೇಷ್ಟರ ಹೆಸರು ಹೊತ್ತು ಬಂದನು. ಅದು ಅನ್ವರ್ಥವಾಗಲು ಮಾತ್ರ ಬಹುಕಾಲ ಹಿಡಿಯಿತು.

ಆತನ ಹುಟ್ಟೂರು ಬೋಸ್ನಿಯಾ ದೇಶದ ಯಾಬ್ಲಾನಿತ್ಸಾ, ನೆರೆತ್ವಾ ನದಿಯ ದಂಡೆಯ ಸಣ್ಣ ಪಟ್ಟಣ. ಆಗ ಬೋಸ್ನಿಯಾ ಯುಗೋಸ್ಲಾವಿಯಾದ ಒಂದು ಭಾಗವಾಗಿದ್ದಿತು. ನದಿಯ ಜೊತೆಯಲ್ಲಿಯೇ ಇಳಿದು ಹೋದರೆ ಮೊಸ್ಟಾರ್ ನಗರ ಸಿಕ್ಕುತ್ತದೆ. ಅಲ್ಲಿ 1566ರಲ್ಲಿ ತುರ್ಕರು ಕಟ್ಟಿದ ಒಂಟಿ ಕಮಾನಿನ ಕಲ್ಲು ಸೇತುವೆಯೊಂದಿತ್ತು. ಸೇತುವೆಯನ್ನು ಕಾಯುವವರಿಗೆ ‘ಮೊಸ್ಟಾರಿ’ ಎಂದು ಹೆಸರು. ಊರಿಗೂ ಅದೇ ಹೆಸರು ನಿಂತಿತು. ಆ ಊರಿನ ಕಾಲ್ಚೆಂಡಿನ ಸಂಘ ‘ವೆಲೆಜ್’ 1922ರಲ್ಲಿ ಸ್ಥಾಪಿತವಾದುದು. ಊರಿನ ಹಿಂದೆ ನಿಂತಿರುವ ಬೆಟ್ಟದ ಹೆಸರನ್ನೇ ಅದು ತಳೆದಿತ್ತು. ವಾಹಿದನು 1970ರ ದಶಕದ ಮೊದಲಿನಲ್ಲಿ ಈ ತಂಡವನ್ನು ಸೇರಿದನು.

ಆ ಕಾಲದ ವೆಲೆಜ್ ತಂಡದ ಕಥೆ ಕೇಳಿದರೆ ಇಂದು ಪುರಾಣದಂತೆ ತೋರುತ್ತದೆ. ಬಾಯೆವಿಚ್, ಮಾರಿಚ್, ವ್ಲಾದಿಚ್ ಎಂಬ ಮೂವರು ಆ ತಂಡದ ಕಣ್ಮಣಿಗಳು. ಒಬ್ಬನು ಸೆರ್ಬ್, ಒಬ್ಬನು ಬೋಸ್ನಿಯಾದ ಮುಸಲ್ಮಾನ, ಒಬ್ಬನು ಕ್ರೊಯಾಟ್. ಮೂವರೂ ಒಂದೇ ಕೆಂಪಂಗಿ ತೊಟ್ಟು ಆಡಿದರು. ಊರೂ ಅವರನ್ನು ಒಂದೇ ಕೊರಳಿನಿಂದ ಕೂಗಿ ಕರೆಯಿತು. 1973 ಮತ್ತು 1974ರಲ್ಲಿ ತಂಡವು ರಾಷ್ಟ್ರೀಯ ಲೀಗಿನಲ್ಲಿ ಎರಡನೆಯ ಸ್ಥಾನಕ್ಕೆ ಬಂದಿತು. ಇವರ ನೆರಳಿನಲ್ಲಿ ಬೆಳೆದ ವಾಹಿದನು ಮುಂದೆ ತಂಡದ ಮುಖ್ಯ ಗೋಲುಗಾರನಾಗಿ, ವೆಲೆಜ್ ಪರವಾಗಿ ಲೀಗಿನಲ್ಲಿಯೇ 100ಕ್ಕೂ ಹೆಚ್ಚು ಗೋಲು ಗಳಿಸಿದನು.

ಯುಗೋಸ್ಲಾವಿಯಾದ ಆಟಗಾರರು 28 ವರ್ಷ ತುಂಬುವವರೆಗೆ ಪರದೇಶದ ತಂಡಗಳಿಗೆ ಹೋಗುವಂತಿರಲಿಲ್ಲ. ಹಾಗಾಗಿ ವಾಹಿದನ ಮೈಯಲ್ಲಿ ಕಸುವು ತುಂಬಿ ತುಳುಕುತ್ತಿದ್ದ ವರುಷಗಳೆಲ್ಲ ಮೊಸ್ಟಾರಿಗೇ ಸಂದವು. ಹೊರಡುವ ಮುನ್ನ ಆತನು ಊರಿನ ಋಣ ತೀರಿಸಿದ ರೀತಿ ಸೊಗಸಾದುದು. 1981ರ ಮೇ ತಿಂಗಳಿನಲ್ಲಿ ಬೆಲ್‌ಗ್ರೇಡಿನಲ್ಲಿ ನಡೆದ ಮಾರ್ಷಲ್ ಟಿಟೋ ಕಪ್ಪಿನ ಅಂತಿಮ ಪಂದ್ಯದಲ್ಲಿ ವೆಲೆಜ್ ತಂಡವು ಸರಯೇವೊ ನಗರದ ಝೆಲ್ಯೆಜ್ನಿಚಾರ್ ತಂಡವನ್ನು 3–2ರಿಂದ ಸೋಲಿಸಿತು. ಆ ಮೂರರಲ್ಲಿ ಎರಡು ಗೋಲು ವಾಹಿದನವು. ವೆಲೆಜ್ ಅಲ್ಲಿಯವರೆಗೆ ಆ ಕಪ್ಪನ್ನು ಕಂಡಿರಲಿಲ್ಲ.

ಅಲ್ಲಿಂದ ಆತನು ಫ್ರಾನ್ಸಿನ ನಾಂತ್ ತಂಡಕ್ಕೆ ಹೋದನು. 1982–83ರ ಋತುವಿನಲ್ಲಿ 27 ಗೋಲು, 1984–85ರಲ್ಲಿ 28 ಗೋಲು: ಎರಡು ಸಲವೂ ಫ್ರಾನ್ಸಿನಲ್ಲಿಯೇ ಅತ್ಯಧಿಕ. 1983ರಲ್ಲಿ ನಾಂತ್ ರಾಷ್ಟ್ರದ ಚಾಂಪಿಯನ್ ಆಯಿತು. ನಡುವೆ 1982ರಲ್ಲಿ ಸ್ಪೇನಿನ ವಿಶ್ವಕಪ್ಪಿಗೆ ಯುಗೋಸ್ಲಾವಿಯಾ ತಂಡದೊಡನೆ ಹೋಗಿ ಬಂದನು. ಗೋಲಿನ ಮುಂದೆ ನಿಲ್ಲುವ ಆಟಗಾರನ ಬದುಕು ಒಂದು ವಿಧದಲ್ಲಿ ಸಾಲದ ಬದುಕು. ಹಿಂದಿನವರು ಕಸಿದುಕೊಂಡ ಚೆಂಡು, ನಡುವಿನವರು ಹಂಚಿದ ಚೆಂಡು, ಪಕ್ಕದವರು ಎತ್ತಿ ಕೊಟ್ಟ ಚೆಂಡು, ಇವೆಲ್ಲವೂ ಕಡೆಗೆ ಬಂದು ಆತನ ಲೆಕ್ಕಕ್ಕೆ ಜಮೆಯಾಗುತ್ತವೆ. ಆ ಸಾಲವನ್ನು ವಿಧಿಯು ಆತನಿಂದ ಎಷ್ಟು ಬಡ್ಡಿ ಹಾಕಿ ವಸೂಲು ಮಾಡಿತೆಂಬುದನ್ನು ಮುಂದೆ ನೋಡೋಣ.

ಆಟ ಮುಗಿಸಿ ಆತನು ಮೊಸ್ಟಾರಿಗೆ ಮರಳಿದನು. ನೆಲೆಯೂರಿ ಬಾಳುವ ಮನಸ್ಸು; 1990ರಲ್ಲಿ ತನ್ನ ಹಳೆಯ ವೆಲೆಜ್ ತಂಡಕ್ಕೇ ತರಬೇತುದಾರನಾದನು. 1992ರಲ್ಲಿ ಯುದ್ಧ ಬಂದಿತು. ಒಂದೇ ಮೈದಾನದಲ್ಲಿ ಒಟ್ಟಿಗೆ ಕೂಗುತ್ತಿದ್ದವರು ನದಿಯ ಎರಡು ದಂಡೆಗಳಲ್ಲಿ ಬಂದೂಕು ಹಿಡಿದು ನಿಂತರು. ವಾಹಿದನು ಗಾಯಗೊಂಡನು, ಮನೆ ಕಳೆದುಕೊಂಡನು, ಆಟದ ವರುಷಗಳಲ್ಲಿ ಗಳಿಸಿದ್ದೆಲ್ಲವನ್ನೂ ಬಿಟ್ಟು ಫ್ರಾನ್ಸಿಗೆ ಹೋಗಬೇಕಾಯಿತು. 1993ರ ನವೆಂಬರ್ 9ರಂದು, 427 ವರುಷ ನಿಂತಿದ್ದ ಸೇತುವೆಯು ಕ್ರೊಯಾಟ್ ಪಡೆಯ ಫಿರಂಗಿಯ ಹೊಡೆತಕ್ಕೆ ಸಿಲುಕಿ ನದಿಯ ಪಾಲಾಯಿತು. ವೆಲೆಜ್ ತಂಡದ ಮೈದಾನ ಪಶ್ಚಿಮದ ದಂಡೆಯಲ್ಲಿದ್ದಿತು. ಯುದ್ಧಾನಂತರ ಅದು ಅಲ್ಲಿ ಪುನರುಜ್ಜೀವಿಸಿದ ಬೇರೊಂದು ಸಂಘದ ಪಾಲಾಗಿ, ವೆಲೆಜ್ ಊರ ಹೊರವಲಯದ ಸಣ್ಣ ಮೈದಾನಕ್ಕೆ ಸರಿಯಿತು. ಸೇತುವೆಯನ್ನು ಮತ್ತೆ ಕಟ್ಟಿ 2004ರ ಜುಲೈ 23ರಂದು ತೆರೆದರು, ಮೈದಾನ ಮರಳಲಿಲ್ಲ. ಕಲ್ಲನ್ನು ನದಿಯಿಂದ ಮೇಲೆತ್ತುವುದು ಸುಲಭ, ಕೂಡಿ ಕೂಗಿದ ಕೊರಳುಗಳನ್ನು ಮತ್ತೆ ಕೂಡಿಸುವುದು ಕಷ್ಟ.

ನಲವತ್ತು ವರುಷದ ಮನುಷ್ಯ, ಹೆಂಡತಿ ಮಕ್ಕಳೊಡನೆ, ಪರದೇಶದಲ್ಲಿ ಮೊದಲಿನಿಂದ ಬದುಕು ಕಟ್ಟಬೇಕು. ಗೋಲುಗಳ ಹಳೆಯ ಲೆಕ್ಕ ಅಂಗಡಿಯಲ್ಲಿ ಚಲಾವಣೆಯಾಗುವ ನಾಣ್ಯವಲ್ಲ. ಬೋವೆ ಎಂಬ ಸಣ್ಣ ಊರಿನ ತಂಡದಲ್ಲಿ ಕೆಲಸ ದೊರೆಯಿತು. 1997ರಲ್ಲಿ ಮೊರಾಕ್ಕೊ ದೇಶದ ರಾಜಾ ಕಾಸಾಬ್ಲಾಂಕಾ ತಂಡವನ್ನು ಆಫ್ರಿಕಾ ಖಂಡದ ಚಾಂಪಿಯನ್ ಮಾಡಿದನು. 1998ರಲ್ಲಿ ಫ್ರಾನ್ಸಿನ ಎರಡನೆಯ ದರ್ಜೆಯಲ್ಲಿ ಹೆಣಗುತ್ತಿದ್ದ ಲೀಲ್ ತಂಡವನ್ನು ಕೈಗೆತ್ತಿಕೊಂಡನು. 2000ದಲ್ಲಿ ಅದು ಮೊದಲ ದರ್ಜೆಗೆ ಏರಿತು. ಮರುವರುಷ ಮೂರನೆಯ ಸ್ಥಾನ ಪಡೆಯಿತು. ಅದರ ಮರುವರುಷ ಯುರೋಪಿನ ಅತಿರಥರ ಪಂದ್ಯಾವಳಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಎದುರು ನಿಂತಿತು. 2004ರಲ್ಲಿ ಪ್ಯಾರಿಸ್ಸಿನ ತಂಡಕ್ಕೆ ಫ್ರೆಂಚ್ ಕಪ್ಪನ್ನು ಗೆದ್ದುಕೊಟ್ಟನು. ಹೋಜಾ ನಿಜವಾಗಿಯೂ ಹೋಜಾ ಆದನು. ಕಟ್ಟುನಿಟ್ಟಿನ ಮೇಷ್ಟರು, ಹೊತ್ತಿಗೆ ಸರಿಯಾಗಿ ಬಾರದವನನ್ನು, ಮೈಬಗ್ಗಿಸದವನನ್ನು ಸಹಿಸದ ಸ್ವಭಾವ. ಈ ಸ್ವಭಾವವೇ ಆತನ ಬಲ. ಆತನಿಗೆ ಮುಳುವಾದದ್ದೂ ಇದೇ ಎಂದು ತೋರುತ್ತದೆ.

ವಿಶ್ವಕಪ್ಪಿನ ಕಥೆ ಇಲ್ಲಿಂದ ಮುಂದಿನದು. 2008ರಲ್ಲಿ ಐವರಿ ಕೋಸ್ಟ್ ದೇಶವು ಆತನನ್ನು ಕರೆಯಿತು. ಅರ್ಹತೆಯ ಸುತ್ತುಗಳಲ್ಲಿ ಒಂದು ಪಂದ್ಯವನ್ನೂ ಸೋಲದೆ ತಂಡವು 2010ರ ವಿಶ್ವಕಪ್ಪಿಗೆ ಆಯ್ಕೆಯಾಯಿತು. ಆ ವರುಷದ ಜನವರಿಯಲ್ಲಿ ಆಫ್ರಿಕಾ ಕಪ್ಪಿನ ಒಂದು ಪಂದ್ಯವನ್ನು ಅಲ್ಜೀರಿಯಾಕ್ಕೆ ಸೋತದ್ದೇ ತಡ, ಆತನನ್ನು ಮನೆಗೆ ಕಳುಹಿಸಿದರು. ವಿಶ್ವಕಪ್ಪಿಗೆ ತಂಡವನ್ನು ಕರೆದೊಯ್ದವರು ಸ್ವೀಡನ್ನಿನ ಎರಿಕ್ಸನ್. ಆ ತಂಡ ಮೊದಲ ಸುತ್ತನ್ನು ದಾಟಲಿಲ್ಲ.

ಸೋಲಿಸಿದ ಅಲ್ಜೀರಿಯಾವೇ ಮರುವರುಷ ಆತನನ್ನು ಕರೆದದ್ದು ವಿಧಿಯ ವಿನೋದ. ಈ ಬಾರಿ ತಾನು ಅಣಿಗೊಳಿಸಿದ ತಂಡದ ಜೊತೆಯಲ್ಲಿಯೇ ಆತನು 2014ರಲ್ಲಿ ಬ್ರೆಜಿಲ್ಲಿಗೆ ಹೋದನು. ದಕ್ಷಿಣ ಕೊರಿಯಾ ವಿರುದ್ಧ 4–2ರ ಜಯ. ವಿಶ್ವಕಪ್ಪಿನ ಒಂದೇ ಪಂದ್ಯದಲ್ಲಿ ಆಫ್ರಿಕಾದ ತಂಡವೊಂದು ನಾಲ್ಕು ಗೋಲು ಹೊಡೆದದ್ದು ಅದೇ ಮೊದಲು. ಅಲ್ಜೀರಿಯಾ ಮೊಟ್ಟಮೊದಲ ಬಾರಿಗೆ ಎರಡನೆಯ ಸುತ್ತು ಮುಟ್ಟಿತು. ಅಲ್ಲಿ ಎದುರಾದದ್ದು ಜರ್ಮನಿ. 1982ರಲ್ಲಿ ಅಲ್ಜೀರಿಯಾ ಪಶ್ಚಿಮ ಜರ್ಮನಿಯನ್ನು ಸೋಲಿಸಿಯೂ, ಜರ್ಮನ್ನರು ಆಸ್ಟ್ರಿಯದವರೊಡನೆ ಆಡಿದ ಒಳಒಪ್ಪಂದದಂತಹ ಪಂದ್ಯದಿಂದಾಗಿ ಹೊರಬಿದ್ದಿತ್ತು. ಆ ನೋವು ಇಡೀ ದೇಶಕ್ಕೆ ನೆನಪಿದ್ದಿತು.

ನಮ್ಮಲ್ಲಿ ಆಗ ರಾತ್ರಿ ಒಂದೂವರೆ ಗಂಟೆ. ಮನೆಯವರ ನಿದ್ದೆ ಕೆಡದಂತೆ ದೂರದರ್ಶನದ ಧ್ವನಿಯನ್ನು ಅಡಗಿಸಿ ನೋಡುತ್ತ ಕುಳಿತಿದ್ದೆ. ರಂಜಾನ್ ತಿಂಗಳು ಆಗತಾನೆ ಆರಂಭವಾಗಿತ್ತು. ಆಟಗಾರರು ಉಪವಾಸವಿರುವರೇ ಎಂದು ಪತ್ರಕರ್ತರು ಕೇಳಿದ್ದಕ್ಕೆ ವಾಹಿದನು ರೇಗಿ, ಅದು ಅವರವರ ಸ್ವಂತ ವಿಷಯ ಎಂದು ಬಾಯಿ ಮುಚ್ಚಿಸಿದ್ದನು. ಮತದ ಹೆಸರಿನಲ್ಲಿ ಊರು ಒಡೆದದ್ದನ್ನು ಕಂಡವನಿಗೆ ಆ ಪ್ರಶ್ನೆ ಹೇಗೆ ಚುಚ್ಚಿರಬೇಕು! ತೊಂಬತ್ತು ನಿಮಿಷ ಜರ್ಮನಿಗೆ ಒಂದು ಗೋಲೂ ಸಿಕ್ಕಲಿಲ್ಲ. ಹೆಚ್ಚಿನ ಅವಧಿಯಲ್ಲಿ ಎರಡು ಬಿದ್ದವು; ಕೊನೆಯ ಗಳಿಗೆಯಲ್ಲಿ ಅಲ್ಜೀರಿಯಾ ಒಂದನ್ನು ಹಿಂತಿರುಗಿಸಿತು. 2–1. ಆ ಕಠೋರ ಮೇಷ್ಟರು ಮೈದಾನದಲ್ಲಿ ಕಣ್ಣೀರಿಟ್ಟನು. ಆ ಜರ್ಮನಿಯೇ ಆ ಸಲದ ಕಪ್ಪನ್ನು ಗೆದ್ದಿತು. ದೇಶದ ಅಧ್ಯಕ್ಷರೇ ಉಳಿಯುವಂತೆ ಕೇಳಿಕೊಂಡರೆಂದು ಪತ್ರಿಕೆಗಳು ಬರೆದವು. ವಾಹಿದನು ಒಪ್ಪದೆ ಹೊರಟನು. ತಾನಾಗಿ ಬಾಗಿಲು ತೆರೆದು ಹೊರಟದ್ದು ಆ ಒಂದು ವಿಶ್ವಕಪ್ಪಿನಲ್ಲಿ ಮಾತ್ರ.

ಮುಂದೆ ಜಪಾನ್. 2017ರ ಆಗಸ್ಟ್ 31ರಂದು ಆಸ್ಟ್ರೇಲಿಯಾವನ್ನು 2–0ರಿಂದ ಸೋಲಿಸಿ ಜಪಾನ್ ವಿಶ್ವಕಪ್ಪಿಗೆ ಅರ್ಹವಾಯಿತು. ಪಂದ್ಯಾವಳಿಗೆ ಎರಡು ತಿಂಗಳಿರುವಾಗ, 2018ರ ಏಪ್ರಿಲ್‌ನಲ್ಲಿ, ಆಟಗಾರರೊಡನೆ ಪರಸ್ಪರ ವಿಶ್ವಾಸ ಕುಂದಿದೆಯೆಂಬ ಕಾರಣ ನೀಡಿ ಆತನನ್ನು ತೆಗೆದರು. ವಾಹಿದನು ಟೋಕಿಯೋ ನ್ಯಾಯಾಲಯದಲ್ಲಿ ದಾವೆ ಹೂಡಿದನು. ಕೇಳಿದ ಪರಿಹಾರ 1 ಯೆನ್, ಜೊತೆಗೆ ಬಹಿರಂಗ ಕ್ಷಮಾಪಣೆ. ಒಂದು ಯೆನ್ನಿಗೆ ನಮ್ಮ ಒಂದು ರೂಪಾಯಿಯ ಬೆಲೆಯೂ ಇಲ್ಲ. ಹಣವಲ್ಲ, ಮಾನ ಬೇಕು ಎಂಬುದನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ಸಾಧ್ಯವಿಲ್ಲ.

ಕಡೆಗೆ ಮೊರಾಕ್ಕೊ. 2019ರಲ್ಲಿ ಸೇರಿದನು, 2022ರ ಮಾರ್ಚಿನಲ್ಲಿ ತಂಡವನ್ನು ವಿಶ್ವಕಪ್ಪಿಗೆ ಮುಟ್ಟಿಸಿದನು, ಆಗಸ್ಟಿನಲ್ಲಿ ಕೆಲಸ ಹೋಯಿತು. ಹಕೀಮ್ ಜಿಯೆಶ್ ಎಂಬ ನಿಪುಣ ಆಟಗಾರನನ್ನು ಶಿಸ್ತಿನ ಪ್ರಶ್ನೆಯ ಮೇಲೆ ಹೊರಗಿಟ್ಟದ್ದು ವಿರಸಕ್ಕೆ ಒಂದು ಮುಖ್ಯ ಕಾರಣ. ವಲೀದ್ ರೆಗ್ರಾಗಿ ಎಂಬಾತನು ಆ ಸ್ಥಾನಕ್ಕೆ ಬಂದು ಜಿಯೆಶನನ್ನು ಮರಳಿ ಕರೆದನು. ಅದೇ ವರುಷದ ಡಿಸೆಂಬರಿನಲ್ಲಿ ಮೊರಾಕ್ಕೊ ಸ್ಪೇನನ್ನೂ ಪೋರ್ಚುಗಲ್ಲನ್ನೂ ಸೋಲಿಸಿ ಸೆಮಿಫೈನಲ್ ಸೇರಿತು. ಆಫ್ರಿಕಾದ ಯಾವ ದೇಶವೂ ಅದಕ್ಕೆ ಮೊದಲು ಅಲ್ಲಿಗೆ ತಲುಪಿರಲಿಲ್ಲ.

ನಾಲ್ಕು ದೇಶಗಳನ್ನು ನಾಲ್ಕು ವಿಶ್ವಕಪ್ಪುಗಳ ಬಾಗಿಲಿಗೆ ತಂದವನು ಒಳಗೆ ಕಾಲಿಟ್ಟದ್ದು ಒಂದೇ ಸಲ. “ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು” ಎಂಬ ಗಾದೆ ಇಲ್ಲಿ ನಾಲಗೆಯ ತುದಿಗೆ ಬರುತ್ತದೆ. ಆದರೆ ನ್ಯಾಯವಾಗಿ ಯೋಚಿಸಿದರೆ ಗಾದೆ ಪೂರ್ತಿ ಹೊಂದುವುದಿಲ್ಲ. ಅನಂತರ ಬಂದವರು ಹಾವುಗಳಲ್ಲ. ಜಪಾನ್ ಹೊಸ ತರಬೇತುದಾರನ ಕೈಯಲ್ಲಿ ಎರಡನೆಯ ಸುತ್ತು ಸೇರಿತು. ಮೊರಾಕ್ಕೊ ಚರಿತ್ರೆಯನ್ನೇ ಬರೆಯಿತು. ಮುನಿದು ಹೋದ ಆಟಗಾರನನ್ನು ಕೈಹಿಡಿದು ಕರೆತಂದ ರೆಗ್ರಾಗಿಯ ಔದಾರ್ಯವೂ ಒಂದು ವಿದ್ಯೆಯೇ. ಆ ವಿದ್ಯೆ ವಾಹಿದನಿಗೆ ಒಲಿದಿರಲಿಲ್ಲ. ಬೆದೆಗೆ ಉಳುವ ಕೈ ಬೇರೆ, ಹದವರಿತು ಕೊಯ್ಯುವ ಕೈ ಬೇರೆ ಇರಬಹುದು.

ಆದರೂ ಒಂದು ಮಾತು ಉಳಿಯುತ್ತದೆ. ತೆಗೆದವರ ತೀರ್ಮಾನ ಸರಿಯೆಂದೇ ಇಟ್ಟುಕೊಳ್ಳೋಣ. ಸರಿಯಾದ ತೀರ್ಮಾನದಿಂದ ಕೃತಜ್ಞತೆಯ ಸಾಲ ರದ್ದಾಗುವುದಿಲ್ಲ. ಗೆದ್ದ ರಾತ್ರಿ ದೀಪ ಹಚ್ಚುವಾಗ ಅಡಿಪಾಯ ತೋಡಿದವನನ್ನು ಒಮ್ಮೆ ನೆನೆಯುವುದಕ್ಕೆ ಖರ್ಚೇನೂ ತಗಲುವುದಿಲ್ಲ. ಒಂದು ಯೆನ್ ಕೂಡ ತಗಲುವುದಿಲ್ಲ.

ನಮ್ಮ ಮನೆಗಳಲ್ಲಿಯೂ ಇಂಥವರಿದ್ದಾರೆ. ತಮ್ಮಂದಿರನ್ನು ಓದಿಸಿ ತಾನು ಗುಮಾಸ್ತೆಯಾಗಿ ನಿವೃತ್ತನಾದ ಅಣ್ಣ. ಒಂದು ಪೀಳಿಗೆಯ ಹುಡುಗರಿಗೆ ಲೆಕ್ಕ ಕಲಿಸಿ ಅವರ ಮದುವೆಯ ಕರೆಯೋಲೆಗೂ ಬಾರದವರಾದ ಮೇಷ್ಟರು. ಅವರಲ್ಲಿ ಕೆಲವರು ಸಿಡುಕರೂ ಹೌದು. ಜೊತೆಯಲ್ಲಿ ಬಾಳುವುದು ಸುಲಭವಲ್ಲ. ಗೋಲು ಹೊಡೆದವನ ಹೆಸರನ್ನು ಲೋಕವೇ ಬರೆದಿಡುತ್ತದೆ. ಚೆಂಡು ತಂದುಕೊಟ್ಟವನ ಹೆಸರನ್ನು ಪಡೆದವರು ನೆನಪಿಡಬೇಕು. ಮೇಷ್ಟರು ಎಷ್ಟೇ ದೊಡ್ಡವರಾಗಲಿ, ಪರೀಕ್ಷೆಯ ಕೊಠಡಿಯೊಳಗೆ ಅವರಿಗೆ ಪ್ರವೇಶವಿಲ್ಲ. ಹಲಿಲ್ ಹೋಜಾನ ವಂಶದವನಿಗೆ ಈ ನಿಯಮ ತಿಳಿಯದೆ ಇರಲಾರದು. ಆದರೂ ಬಾಗಿಲ ಹೊರಗೆ ನಿಂತವನ ಕಣ್ಣು ಒಳಗಿನ ಹುಡುಗರ ಮೇಲೆಯೇ ಇರುತ್ತದೆ; ಅದು ಸಿಟ್ಟಿನಿಂದಷ್ಟೇ ಎಂದು ನಾನು ನಂಬಲಾರೆ.