ಒಂದೆರಡು ಕಡೆ ಮಳೆ

ಮಳೆಗಳನ್ನು ನಕ್ಷತ್ರಗಳ ಹೆಸರಿನಿಂದ ಕರೆಯುವ ಪದ್ಧತಿ ಕನ್ನಡಿಗರಿಗೆ ತಲೆಮಾರುಗಳಿಂದ ಬಂದದ್ದು. ಕೊಯಮತ್ತೂರಿನ ದೇವಾಂಗ ನೇಕಾರರ ಮನೆಗಳಲ್ಲಿಯೂ, ಸುತ್ತಣ ಹಳ್ಳಿಗಳ ಒಕ್ಕಲಿಗರ ತೋಟಗಳಲ್ಲಿಯೂ 'ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು' ಎಂಬ ಮಾತನ್ನು ನಾವು ಬಾಲ್ಯದಲ್ಲಿ ಕೇಳಿದ್ದೇವೆ. ಆದರೆ ಆಗಸ್ಟ್ ತಿಂಗಳ ಮಘೆ ಈ ನಾಡಿಗೆ ಮಳೆಗಿಂತ ಹೆಚ್ಚಾಗಿ ಗಾಳಿಯನ್ನೇ ತರುತ್ತದೆ. ಮುಂಗಾರು ತನ್ನ ನೀರನ್ನೆಲ್ಲ ಘಟ್ಟದ ಆಚೆ ಕೇರಳದಲ್ಲಿಯೂ, ಈಚೆ ವಾಲ್ಪಾರೆಯ ಎತ್ತರದಲ್ಲಿಯೂ ಸುರಿದು, ಪಾಲಕ್ಕಾಡಿನ ಕಣಿವೆಯಿಂದ ಬರಿಗೈಯಲ್ಲಿ ನುಗ್ಗಿ ಬರುತ್ತದೆ. ಪಲ್ಲಡಂ, ಉಡುಮಲೆಗಳ ಬಯಲಿನಲ್ಲಿ ತಿರುಗುವ ಗಾಳಿಯಂತ್ರಗಳು ಅದಕ್ಕೆ ಸಾಕ್ಷಿ. ಆಡಿ ತಿಂಗಳ ಗಾಳಿಗೆ ಅರೆಯುವ ಕಲ್ಲೂ ಹಾರೀತೆಂದು ತಮಿಳರು ಹೇಳುವುದು ಸುಮ್ಮನೆ ಅಲ್ಲ. ಇಲ್ಲಿಯ ನಿಜವಾದ ಮಳೆಗಾಲ ಅಕ್ಟೋಬರ್, ನವೆಂಬರ್ ತಿಂಗಳುಗಳ ಹಿಂಗಾರು.

ಹಿರಿಯರಿಂದ ಬಂದ ಇನ್ನೊಂದು ಆಚಾರ ಕಾರ್ತಿಕ ಮಾಸದ ವನಭೋಜನ. ನೆಲ್ಲಿಯ ಮರದ ಅಡಿಯಲ್ಲಿ ಪೂಜೆ, ಬಾಳೆಯೆಲೆಯಲ್ಲಿ ಊಟ, ಹತ್ತಿರದಲ್ಲಿ ಹೊಳೆಯಿದ್ದರೆ ಮಕ್ಕಳಿಗೆ ಹಬ್ಬ. ಮೈಸೂರು ಸೀಮೆಯಲ್ಲಿ ಕಾರ್ತಿಕದ ಹೊತ್ತಿಗೆ ಮಳೆ ಹಿಂದೆ ಸರಿಯತೊಡಗಿರುತ್ತದೆ. ಇಲ್ಲಿ ಅದೇ ಹೊತ್ತಿನಲ್ಲಿ ಮೈದುಂಬಿ ನಿಂತಿರುತ್ತದೆ. ಆದ್ದರಿಂದ ದಿನ ಗೊತ್ತುಮಾಡುವ ಸಭೆಯಲ್ಲಿ ಪಂಚಾಂಗವನ್ನು ಕುರಿತು ನಡೆಯುವುದಕ್ಕಿಂತ ಹೆಚ್ಚಿನ ವಾಗ್ವಾದ ಹವಾಮಾನವನ್ನು ಕುರಿತು ನಡೆಯುತ್ತದೆ. ಈಚೆಗಂತೂ ಒಬ್ಬೊಬ್ಬರ ಮೊಬೈಲಿನಲ್ಲಿ ಒಂದೊಂದು ಆಕಾಶ. ಒಂದರಲ್ಲಿ ಸೂರ್ಯ, ಒಂದರಲ್ಲಿ ಮೋಡ, ಮತ್ತೊಂದರಲ್ಲಿ ಸಿಡಿಲಿನ ಗೆರೆ.

ತಮಿಳಿನ ಹವಾಮಾನ ವರದಿಯಲ್ಲಿ ದಿನವೂ ಕೇಳಿಬರುವ ಒಂದು ಮಾತುಂಟು: 'ಓರಿರು ಇಡಂಗಳಿಲ್', ಎಂದರೆ ಒಂದೆರಡು ಕಡೆ. ಈ ಮಾತನ್ನು ಹಾಸ್ಯ ಮಾಡದವರಿಲ್ಲ. ಮಳೆ ಬಂದರೆ ನಮ್ಮೂರು ಆ ಒಂದೆರಡರಲ್ಲಿ ಸೇರಿತು, ಬಾರದಿದ್ದರೆ ಸೇರಲಿಲ್ಲ; ಹೇಗಾದರೂ ಇಲಾಖೆಯವರೇ ಗೆದ್ದರು ಎಂಬುದು ಆ ಹಾಸ್ಯದ ಸಾರ. ಹಾಸ್ಯ ಸೊಗಸಾಗಿದೆ, ನ್ಯಾಯವಾಗಿಲ್ಲ. ಹವಾಮಾನ ಇಲಾಖೆಯ ಪರಿಭಾಷೆಯಲ್ಲಿ ಆ ಮಾತಿಗೆ ಖಚಿತವಾದ ಅಳತೆಯಿದೆ. ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಕಾಲು ಭಾಗದವರೆಗೆ ಮಳೆಯಾಗುವಂತಿದ್ದರೆ ಅದು 'ಒಂದೆರಡು ಕಡೆ'. ಹಾಗೆಯೇ 'ಭಾರೀ ಮಳೆ' ಎಂಬುದು ಬೆದರಿಸುವ ವಿಶೇಷಣವಲ್ಲ. ಇಪ್ಪತ್ತನಾಲ್ಕು ಗಂಟೆಗಳಲ್ಲಿ 64.5 ಮಿಲಿಮೀಟರಿನಿಂದ 115.5 ಮಿಲಿಮೀಟರಿನವರೆಗೆ ಬೀಳುವ ಮಳೆ. ಹಳದಿ ಬಣ್ಣ ಕೊಟ್ಟರೆ ಗಮನವಿಟ್ಟಿರಿ, ಕಿತ್ತಳೆ ಕೊಟ್ಟರೆ ಸಿದ್ಧರಾಗಿರಿ ಎಂದು ಅರ್ಥ. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದವರು ರೈತರಿಗಾಗಿ ಇನ್ನೂ ಚಿಕ್ಕ ವಲಯಗಳಿಗೆ ಮುನ್ಸೂಚನೆ ಕೊಡುತ್ತಾರೆ. ಇವೆಲ್ಲ ಪ್ರದೇಶವನ್ನು ಕುರಿತ ಮಾತುಗಳು. ಪ್ರವಾಸ ಹೋಗುವವರು ಕೇಳುವುದು ಒಂದು ಮರದ, ಒಂದು ಬಂಡೆಯ ಸಂಗತಿ. ಆ ಪ್ರಶ್ನೆಗೆ ವರದಿಯಲ್ಲಿ ಉತ್ತರವಿಲ್ಲ. ಇದೆಯೆಂದು ಅದು ಹೇಳಿಯೂ ಇಲ್ಲ.

ಬಯಲಿನಲ್ಲಿ ಇದರಿಂದ ಅಂಗಿ ನೆನೆಯುತ್ತದೆ, ಅಷ್ಟೆ. ಬೆಟ್ಟದ ಬುಡದಲ್ಲಿ ಮಾತು ಬೇರೆ. ಗಣಿತದ ಪಾಠದಲ್ಲಿ ನಾವು ಮಕ್ಕಳಿಂದ ಮಾಡಿಸುತ್ತಿದ್ದ ಒಂದು ಲೆಕ್ಕವಿದೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಹಾಗಾದರೆ ಒಂದು ಚದರ ಕಿಲೋಮೀಟರ್ ಬೆಟ್ಟದ ಮೇಲೆ 50 ಮಿಲಿಮೀಟರ್ ಬಿದ್ದರೆ ಎಷ್ಟು? ಐದು ಕೋಟಿ ಲೀಟರ್. ಹೊಲವಾದರೆ ಅದರ ಬಹುಪಾಲನ್ನು ಕುಡಿದೀತು. ಕಡಿದಾದ ಬಂಡೆ ಕುಡಿಯುವುದಿಲ್ಲ, ಒಂದೇ ಹಳ್ಳಕ್ಕೆ ಇಳಿಸಿಬಿಡುತ್ತದೆ.

ಉಡುಮಲೆಯಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ತಿರುಮೂರ್ತಿ ಬೆಟ್ಟಕ್ಕೆ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬುಡದಲ್ಲಿ ಅಮಣಲಿಂಗೇಶ್ವರರ ದೇವಾಲಯ, ಅದರ ಪಕ್ಕದಲ್ಲಿಯೇ ಹಳ್ಳ, ಮೇಲೆ ಪಂಚಲಿಂಗ ಜಲಪಾತ. ಬೆಟ್ಟದ ಮೇಲೆ ಜೋರು ಮಳೆಯಾದರೆ ನೀರು ದೇವಾಲಯವನ್ನೇ ಸುತ್ತುವರಿಯುತ್ತದೆ. ಜಲಪಾತದ ಸ್ನಾನವನ್ನು ನಿಷೇಧಿಸುತ್ತಾರೆ. 2009ರಲ್ಲಿ ತಿರುಪ್ಪೂರು ಜಿಲ್ಲೆ ಬೇರೆಯಾಗುವ ಮೊದಲು ಇದೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಆ ಕಾಲದಲ್ಲಿ, ಒಂದು ಅಕ್ಟೋಬರ್ ತಿಂಗಳಿನಲ್ಲಿ, ನಾವು ಎಂಟನೆಯ ತರಗತಿಯ 46 ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. ಬೆಳಗಿನ ರೇಡಿಯೋ ಎಂದಿನಂತೆ ಒಂದೆರಡು ಕಡೆ ಮಳೆ ಎಂದಿತ್ತು. ಮಧ್ಯಾಹ್ನ ಎರಡು ಗಂಟೆಗೆ ನೆತ್ತಿಯ ಮೇಲೆ ಸುಡುಬಿಸಿಲು. ಹಳ್ಳದ ನೀರು ಮಕ್ಕಳ ಹರಡಿನವರೆಗೆ. ದೇವಾಲಯದ ಬಳಿ ಹೂ ಮಾರುತ್ತಿದ್ದ ಮುದುಕಿ ಬಂದು, ಮಲೆಯ ತುದಿ ಕಪ್ಪಾಗಿದೆ, ಮಕ್ಕಳನ್ನು ಮೇಲೆ ಹತ್ತಿಸಿ ಸಾರ್ ಎಂದಳು. ನಾವು ಸೀಟಿ ಊದಿಸಿದೆವು. ಮಕ್ಕಳು ಮುಖ ಊದಿಸಿಕೊಂಡರು. ಜೊತೆಗಿದ್ದ ಅಧ್ಯಾಪಕರೊಬ್ಬರು, ಹೂವಿನವಳ ಮಾತಿಗೆ ಪ್ರವಾಸ ಕೆಡಿಸಬೇಕೇ ಎಂದು ಗೊಣಗಿದರು. ಸುಮಾರು ಇಪ್ಪತ್ತು ನಿಮಿಷವಾಗಿರಬೇಕು. ತಿಳಿನೀರಿನಲ್ಲಿ ಮೊದಲು ತರಗೆಲೆ, ಕಡ್ಡಿಗಳು ತೇಲಿಬಂದವು. ಬಳಿಕ ನೀರು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತು. ಮಕ್ಕಳು ಬುತ್ತಿ ಬಿಚ್ಚಿ ಕುಳಿತಿದ್ದ ಬಂಡೆ ನೋಡನೋಡುತ್ತ ಮುಳುಗಿತು. ನಮ್ಮ ತಲೆಯ ಮೇಲೆ ಒಂದು ಹನಿಯೂ ಬೀಳಲಿಲ್ಲ. ರೇಡಿಯೋ ಹೇಳಿದ ಆ 'ಒಂದೆರಡು ಕಡೆ' ನಮಗೆ ಕಾಣದ ತುದಿಯಲ್ಲಿತ್ತು.

ಕಳೆದ ಕಾರ್ತಿಕದಲ್ಲಿ ಸಂಘದ ವನಭೋಜನ ಅದೇ ಬೆಟ್ಟದ ಬುಡದಲ್ಲಿ ಎಂದು ನಿಶ್ಚಯವಾಗಿತ್ತು. ಎರಡು ದಿನ ಮೊದಲು ಜಿಲ್ಲೆಗೆ ಹಳದಿ ಸೂಚನೆ ಬಂದಿತು. ಹಳದಿ ತಾನೇ, ಕೆಂಪಲ್ಲವಲ್ಲ ಎಂದರು ತರುಣರು. ಹಳ್ಳದ ಬಳಿ ಬೇಡ, ಊರಿನ ಹತ್ತಿರದ ತೆಂಗಿನ ತೋಟವೊಂದರಲ್ಲಿ ಆಗಲಿ ಎಂದು ನಾವು ಹಟ ಹಿಡಿದೆವು, ಸಭೆ ಒಪ್ಪಿತು. ಎಂಬತ್ತೆರಡು ವರ್ಷದ ತಾಯಿಯೊಬ್ಬರು ಮಾತ್ರ ಒಪ್ಪಲಿಲ್ಲ. ಮದುವೆಯಾದ ಹೊಸತರಲ್ಲಿ ಅವರು ಆ ಹಳ್ಳದಲ್ಲಿ ಕಾಲಿಳಿಬಿಟ್ಟು ಕುಳಿತಿದ್ದರಂತೆ. ಇನ್ನೊಮ್ಮೆ ಕುಳಿತು ಬರುವ ಆಸೆ. 'ಮುಂದಿನ ವರ್ಷ ಖಂಡಿತ ಹೋಗೋಣ, ಅಮ್ಮ' ಎಂದೆವು. 'ಮುಂದಿನ ವರ್ಷ ಅಂತ ನನಗೆ ಯಾರು ಬರೆದುಕೊಟ್ಟಿದ್ದಾರೆ, ಮೇಷ್ಟ್ರೇ?' ಎಂದರು.

ಆ ದಿನ ತೋಟದಲ್ಲಿ ಚಿನ್ನದಂಥ ಬಿಸಿಲು. ಬೆಟ್ಟದ ಮೇಲೆಯೂ ಮಳೆಯಾಗಲಿಲ್ಲವೆಂದು ಸಂಜೆ ತಿಳಿಯಿತು. ಊಟದ ಪಂಕ್ತಿಯಲ್ಲಿ ನಮಗೆ ಕೊಡೆ ಹಿಡಿದು ಪಾಯಸ ಬಡಿಸಿದರು, ನಾವೂ ನಕ್ಕೆವು. ಪುಷ್ಯ ಮಾಸದಲ್ಲಿ ಆ ತಾಯಿ ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಅವರ ಸೊಸೆ, ಅತ್ತೆಯವರು ಕೊನೆಯವರೆಗೂ ಆ ಹಳ್ಳದ ಮಾತನ್ನು ಆಡುತ್ತಿದ್ದರು ಎಂದಳು. ದೂರುವ ದನಿಯಿರಲಿಲ್ಲ. ಅದೇ ವರದಿ ಮತ್ತೆ ಬಂದರೆ ನಾವು ಅದೇ ಮಾತನ್ನೇ ಆಡುವೆವು. ಆದರೂ ಆ ದಿನದ ಬಿಸಿಲು ನೆನಪಾದಾಗ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಈ ವರ್ಷ ಸಭೆಯ ಮುಂದೆ ನಾವು ಬೇರೆ ಸಲಹೆಯಿಟ್ಟೆವು. ನೆಲ್ಲಿಯ ಪೂಜೆ ಕಾರ್ತಿಕದಲ್ಲಿಯೇ ಊರಿನ ತೋಟದಲ್ಲಿ ನಡೆಯಲಿ. ಹಳ್ಳದ ಪ್ರವಾಸ ಮಾಘದಲ್ಲಿ, ಎಂದರೆ ಫೆಬ್ರವರಿಯಲ್ಲಿ, ಈ ಸೀಮೆಯಲ್ಲಿ ಮಳೆ ತೀರ ಕಡಿಮೆಯಿರುವ ಕಾಲದಲ್ಲಿ ಆಗಲಿ. ಆಗ ನೀರು ಸೊರಗಿರುತ್ತದೆ, ಕಾಲು ನೆನೆಯುವಷ್ಟಾದರೂ ಇದ್ದೀತು. ಕಾರ್ತಿಕವಿಲ್ಲದ ವನಭೋಜನ ಯಾವ ಶಾಸ್ತ್ರದಲ್ಲಿದೆ ಎಂದು ಇಬ್ಬರು ಎದ್ದು ಕೇಳಿದರು, ಕೊನೆಗೆ ಒಪ್ಪಿದರು. ಬೆಳಗ್ಗೆ ಆರಕ್ಕೆ ಬಸ್ಸು ಹೊರಡುವುದು, ಮಧ್ಯಾಹ್ನದೊಳಗೆ ಎಲ್ಲರೂ ಹಳ್ಳದಿಂದ ಮೇಲೆ ಬರುವುದು ಎಂದು ನಡಾವಳಿಯಲ್ಲಿ ಬರೆದಾಗಿದೆ. ಎಂಬತ್ತು ದಾಟಿದ ನಾಲ್ವರು ಈಗಾಗಲೇ ಹೆಸರು ಕೊಟ್ಟಿದ್ದಾರೆ; ಬಸ್ಸಿನ ಮುಂದಿನ ಸಾಲನ್ನು ಅವರಿಗಾಗಿ ಬಿಟ್ಟಿದ್ದೇವೆ.