ಪಾರಸಿಕರ ನಾಡಿನಲ್ಲಿ

ರುಮಾಲು, ಬಜಾರು, ಗುಲಾಬಿ, ಜಮೀನು, ದರ್ಜಿ: ಈ ಮಾತುಗಳಿಲ್ಲದೆ ಕನ್ನಡಿಗರ ಮನೆಯಲ್ಲಿ ಒಂದು ದಿನವೂ ಸಾಗಲಾರದು. ಇವೆಲ್ಲವೂ ಪಾರಸೀ ಭಾಷೆಯಿಂದ ನಮ್ಮ ನುಡಿಗೆ ಬಂದು ನೆಲಸಿದ ಶಬ್ದಗಳು. ಬೀದರಿನಲ್ಲಿ 1472ರ ದೊಡ್ಡ ವಿದ್ಯಾಶಾಲೆಯನ್ನು ನೋಡಿದವರು, ಅದನ್ನು ಕಟ್ಟಿಸಿದ ಮಹಮೂದ ಗವಾನನು ಈರಾನದ ಗೀಲಾನ ಪ್ರಾಂತದಿಂದ ಬಂದವನೆಂಬುದನ್ನು ಬಲ್ಲರು. ಇಷ್ಟು ಹಳೆಯ ನಂಟಿದ್ದರೂ, ಈರಾನವೆಂದೊಡನೆ ಇಂದು ನಮ್ಮ ಕಣ್ಣಿಗೆ ಕಟ್ಟುವುದು 1979ರ ಕ್ರಾಂತಿ, ಯುದ್ಧ, ಅಣುಶಕ್ತಿಯ ವಿವಾದ ಇವಿಷ್ಟೇ. ಅಲ್ಲಿಯೂ ಒಲೆ ಹೊತ್ತಿಸಿ, ಮಕ್ಕಳನ್ನು ಶಾಲೆಗೆ ಕಳುಹಿಸಿ, ಹಿರಿಯರ ಔಷಧೋಪಚಾರ ನೋಡಿಕೊಂಡು ಬಾಳುವ ಗೃಹಸ್ಥರಿದ್ದಾರೆಂಬುದು ನಮಗೆ ಹೊಳೆಯುವುದೇ ಇಲ್ಲ.

2017ರ ಅಕ್ಟೋಬರ್ ತಿಂಗಳಲ್ಲಿ ನಾವು ದಂಪತಿಗಳು ಆ ದೇಶದಲ್ಲಿ ನೆಲದ ದಾರಿಯಿಂದಲೇ ಪ್ರವಾಸ ಮಾಡಿದೆವು. ತುರ್ಕಿ ದೇಶದ ಗಡಿಯಲ್ಲಿರುವ ಬಾಜರ್ಗಾನ್ ಠಾಣೆಯಿಂದ ಒಳಹೊಕ್ಕು, ತಬ್ರೀಜ್, ತೆಹರಾನ್, ಇಸ್ಫಹಾನ್, ಯಜ್ದ್ ನಗರಗಳನ್ನು ಹಾದು ಶಿರಾಜಿನವರೆಗೆ ಬಸ್ಸಿನಲ್ಲಿಯೇ ಹೋದೆವು. ಹೊರಡುವಾಗ ನಂಟರಿಷ್ಟರು ಹೇಳಿದ ಬುದ್ಧಿವಾದಗಳನ್ನು ಬರೆದಿಟ್ಟರೆ ಒಂದು ಸಣ್ಣ ಪುಸ್ತಕವಾದೀತು. ಆ ಮಾತುಗಳನ್ನಾಡಿದವರಲ್ಲಿ ಆ ದೇಶವನ್ನು ಕಂಡವರು ಒಬ್ಬರೂ ಇರಲಿಲ್ಲ.

ಹಣದ ವಿಷಯವೊಂದನ್ನು ಮೊದಲೇ ಹೇಳಬೇಕು. ಪರದೇಶದ ಬ್ಯಾಂಕಿನ ಕಾರ್ಡುಗಳು ಅಲ್ಲಿ ನಡೆಯುವುದಿಲ್ಲ. ಅಂತರರಾಷ್ಟ್ರೀಯ ನಿರ್ಬಂಧಗಳೇ ಅದಕ್ಕೆ ಕಾರಣ. ಆದುದರಿಂದ ಪ್ರವಾಸಕ್ಕೆ ಬೇಕಾದ ನಗದನ್ನೆಲ್ಲ ಸೊಂಟದ ಚೀಲದಲ್ಲಿ ಕಟ್ಟಿಕೊಂಡೇ ಹೋಗಬೇಕಾಯಿತು. ನೋಟಿನ ಮೇಲೆ ಅಚ್ಚಾಗಿರುವುದು ರಿಯಾಲ್. ಜನರ ಬಾಯಲ್ಲಿರುವುದು ತೊಮಾನ್, ಅಂದರೆ ಹತ್ತು ರಿಯಾಲ್. ಈ ಲೆಕ್ಕ ತಲೆಗೆ ಹತ್ತುವ ಮುನ್ನ ನಾವು ಎಷ್ಟೋ ಅಂಗಡಿಗಳಲ್ಲಿ ನೋಟುಗಳ ಕಟ್ಟನ್ನೇ ಮುಂದೆ ಹಿಡಿಯುತ್ತಿದ್ದೆವು. ಅಂಗಡಿಯವರು ತಮಗೆ ಸಲ್ಲುವಷ್ಟನ್ನು ಮಾತ್ರ ಎಣಿಸಿ ತೆಗೆದುಕೊಂಡು, ಉಳಿದುದನ್ನು ನಮ್ಮ ಕೈಯಲ್ಲಿಯೇ ಮಡಿಸಿ ಇಡುತ್ತಿದ್ದರು.

ಬಾಜರ್ಗಾನಿನಿಂದ ತಬ್ರೀಜಿಗೆ ಸುಮಾರು 290 ಕಿಲೋಮೀಟರ್. ಎರಡೂ ಕಡೆ ಹುಲ್ಲೂ ಗಿಡವೂ ಇಲ್ಲದ ಕಂದುಬಣ್ಣದ ಗುಡ್ಡಗಳು. ನಡುನಡುವೆ ನೀರಿರುವಲ್ಲಿ ಮಾತ್ರ ಹಸುರಿನ ಒಂದು ಗೆರೆ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು ಚೀಲದಿಂದ ಎಳೆಯ ಸೌತೆಕಾಯಿಗಳನ್ನು ತೆಗೆದು, ಉಪ್ಪಿನ ಪೊಟ್ಟಣದೊಡನೆ ನಮ್ಮ ಮಡಿಲಿಗೆ ಹಾಕಿದರು. ಅಲ್ಲಿ ಸೌತೆಕಾಯಿಯನ್ನು ಹಣ್ಣುಗಳ ಸಾಲಿನಲ್ಲಿಟ್ಟು ಅತಿಥಿಗಳಿಗೆ ಕೊಡುವುದು ವಾಡಿಕೆ. ಅವರ ಮಾತು ಪಾರಸಿಯಾಗಿರಲಿಲ್ಲ. ತಬ್ರೀಜಿನ ಸೀಮೆಯವರ ಮನೆಮಾತು ತುರ್ಕಿಗೆ ಹತ್ತಿರವಾದ ಅಜೆರಿ. ಈರಾನವೆಂದರೆ ಒಂದೇ ಜನ, ಒಂದೇ ಮತವೆಂದು ತಿಳಿಯುವವರು ಇದನ್ನು ಗಮನಿಸಬೇಕು. ಅಜೆರಿಗಳು, ಕುರ್ದರು, ಲೂರರು, ಬಲೂಚಿಗಳು, ಅರಬರು ಎಲ್ಲರೂ ಆ ದೇಶದ ಮಕ್ಕಳೇ. ಇಸ್ಫಹಾನಿನಲ್ಲಿ ಆರ್ಮೇನಿಯದ ಕ್ರೈಸ್ತರ ಹಳೆಯ ಕೇರಿಯೂ ಅವರ ದೊಡ್ಡ ಇಗರ್ಜಿಯೂ ಇವೆ.

ತೆಹರಾನಿನಿಂದ ದಕ್ಷಿಣಕ್ಕೆ ಹೋಗುವಾಗ ಬಸ್ಸಿನಲ್ಲಿ ಪರಿಚಯವಾದ ಶಿಕ್ಷಕ ದಂಪತಿಗಳು ಇಸ್ಫಹಾನಿನಲ್ಲಿ ನಮ್ಮನ್ನು ತಮ್ಮ ಮನೆಗೆ ಕರೆದೊಯ್ದರು. ಪಾದರಕ್ಷೆಗಳನ್ನು ಬಾಗಿಲಲ್ಲಿಯೇ ಬಿಟ್ಟು ಒಳಹೋಗುವುದು ನಮಗೇನೂ ಹೊಸದಲ್ಲ. ಜಮಖಾನೆಯ ಮೇಲೆ ಬಟ್ಟೆ ಹಾಸಿದರು; ಅದನ್ನು ಸೊಫ್ರೆ ಎನ್ನುತ್ತಾರೆ. ಮೊದಲು ಹಾಲಿಲ್ಲದ ಚಹ ಬಂದಿತು. ಸಕ್ಕರೆಯ ಗಟ್ಟಿಯನ್ನು ಹಲ್ಲುಗಳ ನಡುವೆ ಹಿಡಿದು ಅದರ ಮೂಲಕ ಚಹವನ್ನು ಹೀರಬೇಕು. ನಾವು ಮಾಂಸ ತಿನ್ನುವವರಲ್ಲವೆಂದು ತಿಳಿದಾಗ ಮನೆಯಾಕೆಯ ಮುಖದಲ್ಲಿ ಕಳವಳ ಕಂಡಿತು; ಮಾಂಸವಿಲ್ಲದೆ ಅತಿಥಿಗೆ ಬಡಿಸುವುದು ಆಕೆಗೆ ಅಪಮಾನದಂತೆ ತೋರಿರಬೇಕು. ಆದರೂ ಅರ್ಧ ಗಂಟೆಯಲ್ಲಿ ಸುಟ್ಟ ಬದನೆಕಾಯಿಯ ಒಂದು ಪದಾರ್ಥ, ಮೊಸರು, ಹಸಿಯ ಸೊಪ್ಪುಗಳು, ರೊಟ್ಟಿ, ಕೇಸರಿ ಬೆರೆಸಿದ ಅನ್ನ ಎಲ್ಲವೂ ಸಿದ್ಧವಾದವು.

ನಮ್ಮ ವಾಚಕಿಯರಿಗೆ ಇಲ್ಲಿ ಒಂದು ವಿನೋದವನ್ನು ಹೇಳಬೇಕು. ನಮ್ಮ ಕಡೆ ಅನ್ನ ತಳ ಹಿಡಿದರೆ ಅದನ್ನು ಅತಿಥಿಯ ಕಣ್ಣಿಗೆ ಬೀಳದಂತೆ ಮುಚ್ಚಿಡುತ್ತೇವೆ. ಅಲ್ಲಿಯಾದರೋ, ಎಣ್ಣೆ ಹಾಕಿ ಬೇಕೆಂದೇ ತಳ ಹಿಡಿಸುತ್ತಾರೆ. ಹೊಂಬಣ್ಣಕ್ಕೆ ತಿರುಗಿ ಗರಿಗರಿಯಾದ ಆ ಪದರಕ್ಕೆ ತಹ್‌ದೀಗ್ ಎಂದು ಹೆಸರು. ಅದರಲ್ಲಿ ಒಳ್ಳೆಯ ತುಂಡು ಅತಿಥಿಗೇ ಸಲ್ಲಬೇಕು. ಆ ಮನೆಯ ಮಕ್ಕಳು ನಮ್ಮ ತಟ್ಟೆಯನ್ನೇ ಆಸೆಗಣ್ಣಿನಿಂದ ನೋಡುತ್ತಿದ್ದುದನ್ನು ಕಂಡು ನಾವು ಹಂಚಿಕೊಂಡು ತಿಂದೆವು.

ಊಟವಾದ ಮೇಲೆ ಮನೆಯ ಹಿರಿಯರು ಗೋಡೆಯ ಮೇಲಿನ ಭಾವಚಿತ್ರವೊಂದನ್ನು ತೋರಿಸಿದರು. ಮೀಸೆ ಆಗತಾನೆ ಮೂಡುತ್ತಿದ್ದ ಹುಡುಗ. ಇರಾಕಿನೊಡನೆ 1980ರಿಂದ 1988ರವರೆಗೆ ನಡೆದ ಯುದ್ಧದಲ್ಲಿ ಮಡಿದ ಅವರ ತಮ್ಮ. ಆ ದೇಶದ ಊರೂರ ಬೀದಿಗಳಲ್ಲಿ ಅಂಥ ತರುಣರ ಚಿತ್ರಗಳಿವೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗನ ಮೂಲಕ ಅವರು ನಮ್ಮನ್ನು ಕೇಳಿದರು: “ನೀವು ಊರಿಗೆ ಹಿಂದಿರುಗಿದ ಮೇಲೆ ನಮ್ಮ ವಿಷಯವಾಗಿ ಏನು ಹೇಳುವಿರಿ?” ಈ ಪ್ರಶ್ನೆಯನ್ನು ನಾವು ಮುಂದೆಯೂ ಹಲವು ಕಡೆ ಕೇಳಿದೆವು. ಹೊರಗಿನ ಲೋಕವು ತಮ್ಮನ್ನು ಕ್ರೂರಿಗಳೆಂದು ಎಣಿಸಿದೆಯೆಂಬ ನೋವು ಅವರಲ್ಲಿ ಆಳವಾಗಿದೆ.

ಅಲ್ಲಿಯ ಉಪಚಾರದಲ್ಲಿ ತಾರೂಫ್ ಎಂಬ ಒಂದು ಪದ್ಧತಿಯುಂಟು. ಟ್ಯಾಕ್ಸಿಯವನಿಗೆ ಬಾಡಿಗೆ ಕೊಡಹೋದರೆ, “ನಿಮ್ಮ ಮುಂದೆ ಇದೇನು ದೊಡ್ಡದು, ಬೇಡ” ಎನ್ನುತ್ತಾನೆ. ಇದನ್ನು ನಿಜವೆಂದು ನಂಬಿ ಇಳಿದುಹೋಗಬಾರದು. ಎರಡು ಮೂರು ಸಲ ಒತ್ತಾಯಿಸಬೇಕು. ಆಗ ಅವನು ಹಣವನ್ನು ತೆಗೆದುಕೊಳ್ಳುವನು. ಊಟಕ್ಕೆ ಕರೆದರೂ ಮೊದಲ ಕರೆಗೇ ಒಪ್ಪುವುದು ಮರ್ಯಾದೆಯಲ್ಲ. ಕೆಲವು ಪರದೇಶಸ್ಥರು ಇದನ್ನು ಕಪಟವೆಂದು ಜರೆಯುವುದುಂಟು. ನಮಗೆ ಹಾಗೆ ತೋರಲಿಲ್ಲ. ಹೊತ್ತಾದ ಮೇಲೆ ಎದ್ದುನಿಂತ ನೆಂಟನಿಗೆ “ಊಟ ಮಾಡಿಕೊಂಡೇ ಹೋಗಿ” ಎಂದು ನಮ್ಮ ಗೃಹಿಣಿಯರು ಹೇಳುವುದಿಲ್ಲವೇ? ಒಳಗೆ ಅಕ್ಕಿ ಕಡಮೆಯಿದ್ದರೂ ಹೇಳುತ್ತಾರೆ. ನೆಂಟನು ಕುಳಿತೇಬಿಟ್ಟರೆ ಹೇಗೋ ಬಡಿಸುತ್ತಾರೆ. ಬಾಯಿಯ ಉಪಚಾರವು ಕೈಯನ್ನು ಕಟ್ಟಿಹಾಕುತ್ತದೆ. ಬಹುದಿನದ ಅಭ್ಯಾಸದಿಂದ ಮನಸ್ಸೂ ಅದರ ಹಿಂದೆ ಬರುತ್ತದೆ. ಅತಿಥಿಯು ದೇವರ ಮಿತ್ರನೆಂಬ ಗಾದೆ ಅವರಲ್ಲಿದೆ. ಅದನ್ನು ಕೇಳಿದಾಗ ನಮಗೆ ನಮ್ಮ ಊರಿನಲ್ಲಿಯೇ ಇದ್ದಂತಾಯಿತು. ಆದರೆ ಕರೆಯುವವರ ಶಕ್ತಿಯನ್ನು ಅರಿತು ಒಪ್ಪುವುದು ಅತಿಥಿಯ ಧರ್ಮ.

ಮರುಭೂಮಿಯ ಅಂಚಿನ ಯಜ್ದ್ ನಗರವನ್ನು ಕಂಡಾಗ ಈ ಅತಿಥಿಸತ್ಕಾರದ ಮೂಲವು ಸ್ವಲ್ಪ ತಿಳಿಯಿತು. ಮಣ್ಣಿನ ಮನೆಗಳ ಮೇಲೆ ಗಾಳಿಗೋಪುರಗಳು ನಿಂತಿವೆ. ಮೇಲಿನ ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗಳನ್ನು ತಂಪಾಗಿಡುತ್ತವೆ. ನೀರು ಬರುವುದು ಕನಾತ್ ಎಂಬ ನೆಲದೊಳಗಿನ ಕಾಲುವೆಗಳಿಂದ. ಬೆಟ್ಟದ ಬುಡದಲ್ಲಿ ಬಾವಿ ತೋಡಿ, ಅಲ್ಲಿಂದ ಇಳಿಜಾರಾಗಿ ಸುರಂಗ ಕೊರೆದು, ಬಿಸಿಲಿಗೆ ಆರದಂತೆ ನೀರನ್ನು ಊರಿಗೆ ತರುತ್ತಾರೆ. ಇಂಥ 11 ಕನಾತುಗಳು 2016ರಲ್ಲಿ ಯುನೆಸ್ಕೋದ ಪಟ್ಟಿಗೆ ಸೇರಿದವು. ಇಷ್ಟು ಶ್ರಮದಿಂದ ನೀರನ್ನು ಪಡೆಯುವ ನೆಲದಲ್ಲಿ, ದಾರಿಗನಿಗೆ ಬಾಗಿಲು ಮುಚ್ಚಿದರೆ ಅವನು ಉಳಿಯುವುದೆಂತು? ಅದೇ ಊರಿನಲ್ಲಿ ಜರತುಷ್ಟ್ರ ಮತದವರ ಅಗ್ನಿಮಂದಿರವಿದೆ; ಒಳಗಿನ ಅಗ್ನಿಯು ಕ್ರಿ. ಶ. 470ರಿಂದ ಆರಿಲ್ಲವೆಂದು ಅವರ ನಂಬಿಕೆ. ನಮ್ಮ ದೇಶದ ಪಾರ್ಸಿಗಳ ಪೂರ್ವಜರು ಈ ಮತದವರೇ.

ಶಿರಾಜಿನಲ್ಲಿ ಕವಿ ಹಾಫಿಜನ ಸಮಾಧಿಯಿದೆ. ಸಂಜೆ ಅಲ್ಲಿಗೆ ಬರುವ ಜನ ಸಮಾಧಿಯ ಕಲ್ಲನ್ನು ಬೆರಳಿನಿಂದ ಮುಟ್ಟಿ, ಅವನ ಗ್ರಂಥವನ್ನು ತೆರೆದು ಶಕುನ ನೋಡುತ್ತಾರೆ. ಕಲಬುರ್ಗಿಯ ಬಹಮನೀ ಅರಸನು ಈ ಕವಿಯನ್ನು ತನ್ನ ಆಸ್ಥಾನಕ್ಕೆ ಕರೆಯಿಸಿದನೆಂದೂ, ಅವನು ಹಡಗನ್ನೇರಿ ಬಿರುಗಾಳಿಗೆ ಅಂಜಿ ಹಿಂದಿರುಗಿದನೆಂದೂ ಬಿಜಾಪುರದಲ್ಲಿದ್ದ ಇತಿಹಾಸಕಾರ ಫಿರಿಸ್ತನು ಬರೆದಿದ್ದಾನೆ. ನಾವು ಕಲಬುರ್ಗಿಯ ಸೀಮೆಯನ್ನು ಬಲ್ಲವರೆಂದು ಹೇಳಿದಾಗ, ಅಲ್ಲಿದ್ದ ತರುಣನೊಬ್ಬನು ನಕ್ಕು, “ಆಗ ಅವನು ಬರಲಿಲ್ಲ, ಈಗ ನೀವು ಬಂದಿರಿ” ಎಂದನು.

ಎಲ್ಲವೂ ಸುಖವೆಂದು ಬರೆದರೆ ಆ ಜನರಿಗೇ ಅನ್ಯಾಯವಾದೀತು. ನಮ್ಮಿಬ್ಬರಲ್ಲಿ ಪತ್ನಿಯಾದವಳು ಗಡಿಯಿಂದ ಗಡಿಯವರೆಗೆ ತಲೆಗೆ ವಸ್ತ್ರ ಹೊದ್ದಿರಬೇಕಾಗಿತ್ತು. ಅದು ಅಲ್ಲಿಯ ಕಾನೂನು. ಅದೇ ಕಾನೂನಿನ ನೆಪದಲ್ಲಿ ಬಂಧಿತಳಾದ ಮಹ್ಸಾ ಅಮೀನಿ ಎಂಬ ತರುಣಿ 2022ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ, ದೇಶದ ಹೆಣ್ಣುಮಕ್ಕಳು ಪ್ರಾಣವನ್ನು ಲೆಕ್ಕಿಸದೆ ಬೀದಿಗಿಳಿದರು. 2018ರಲ್ಲಿ ಅಮೆರಿಕವು ಮತ್ತೆ ಹೇರಿದ ನಿರ್ಬಂಧಗಳಿಂದ ಅವರ ನಾಣ್ಯದ ಬೆಲೆ ಕುಸಿಯಿತು, ಔಷಧಕ್ಕೂ ಕಷ್ಟವಾಯಿತು. 2025ರ ಜೂನಿನಲ್ಲಿ ಹನ್ನೆರಡು ದಿನಗಳ ಯುದ್ಧದಲ್ಲಿ ನಗರಗಳ ಮೇಲೆ ಬಾಂಬುಗಳು ಬಿದ್ದವು. ವಾರ್ತೆಯನ್ನು ಕೇಳಿದ ದಿನ ನಮ್ಮ ಕಣ್ಣೆದುರು ಬಂದುದು ಅಧಿಕಾರಿಗಳ ಮುಖವಲ್ಲ. ತಹ್‌ದೀಗಿಗಾಗಿ ಆಸೆಪಟ್ಟ ಆ ಮಕ್ಕಳ ಮುಖಗಳು.

ಆಳುವವರು ಬೇರೆ, ಬಾಳುವವರು ಬೇರೆ. ಪತ್ರಿಕೆಗಳು ಮೊದಲಿನವರ ವಿಷಯವನ್ನು ಬರೆಯುತ್ತವೆ. ಎರಡನೆಯವರ ವಿಷಯವನ್ನು ಅವರ ಉಪ್ಪನ್ನು ತಿಂದು ಬಂದವರು ಹೇಳಬೇಕು. ಆ ಹಿರಿಯರಿಗೆ ನಾವು ಅಂದು ಕೊಟ್ಟ ಮಾತು ಇದೊಂದೇ: ಕಂಡುದನ್ನು ಕಂಡಂತೆ ಹೇಳುವೆವು. ಅದನ್ನು ಇಲ್ಲಿ ಸಲ್ಲಿಸಿದ್ದೇವೆ.